ಒಂದು ಕೊರಳ ಸರವನ್ನು ಪಾಠವಾಗಿಸುವುದು: ಗುಲಾಮರ ರಕ್ಷೆಗಳು ಮತ್ತು ಇತಿಹಾಸ ಬೋಧನೆ

ಗುಲಾಮರ ವ್ಯಾಪಾರದ ಪಾಠಕ್ಕೆ ನಮ್ಮ ಪ್ರಶಿಕ್ಷಣಾರ್ಥಿಗಳು ಸಿದ್ಧಪಡಿಸುವ ಕಲಿಕೋಪಕರಣಗಳು ಹೆಚ್ಚುಕಡಿಮೆ ಒಂದೇ ಬಗೆಯವು: ಅಟ್ಲಾಂಟಿಕ್ ಸಾಗರದ ಮೇಲೆ ಮೂರು ಬಾಣಗಳಿರುವ ಭೂಪಟ, ಹಡಗಿನ ತಳದಲ್ಲಿ ಸಾಲಾಗಿ ಮಲಗಿಸಿದ ಮನುಷ್ಯರ ಚಿತ್ರ, ಒಂದೆರಡು ಅಂಕಿಗಳು. ಅಂಕಿಗಳು ಬೇಕೇ ಬೇಕು. ಸುಮಾರು 1 ಕೋಟಿ 25 ಲಕ್ಷ ಆಫ್ರಿಕನ್ನರನ್ನು ಹಡಗು ಹತ್ತಿಸಲಾಯಿತು, ಅವರಲ್ಲಿ 18 ಲಕ್ಷದಷ್ಟು ಜನ ದಾರಿಯಲ್ಲೇ ಸತ್ತರು ಎಂಬುದನ್ನು ಹೇಳದೆ ಈ ಪಾಠ ಆಗದು. ಆದರೆ ಪಾಠ ಅಲ್ಲಿಗೇ ನಿಂತರೆ ವಿದ್ಯಾರ್ಥಿಯ ಮನಸ್ಸಿನಲ್ಲಿ ಗುಲಾಮನೆಂದರೆ ಬರೀ ಒಂದು ಸರಕು ಎಂದೇ ಉಳಿಯುತ್ತದೆ. ತೋಟದ ಯಜಮಾನನ ಲೆಕ್ಕದ ಪುಸ್ತಕವೂ ಅದನ್ನೇ ಹೇಳುತ್ತಿತ್ತು. ಬರೆದದ್ದೆಲ್ಲ ಯಜಮಾನರ ಕಡೆಯದೇ ಆಗಿರುವಾಗ ಗುಲಾಮರು ಏನು ಬಯಸಿದರು, ಯಾವುದಕ್ಕೆ ಹೆದರಿದರು ಎಂದು ತಿಳಿಯಲು ಅವರು ಕೈಯಾರೆ ಮಾಡಿಕೊಂಡ, ಮೈಮೇಲೆ ಧರಿಸಿದ ವಸ್ತುಗಳ ಕಡೆಗೆ ತಿರುಗಬೇಕಾಗುತ್ತದೆ.

ಕೆರಿಬಿಯನ್ ದ್ವೀಪವಾದ ಬಾರ್ಬಡೋಸ್‌ನಲ್ಲಿ ನ್ಯೂಟನ್ ಎಂಬ ಕಬ್ಬಿನ ತೋಟವಿತ್ತು. ಅಲ್ಲಿನ ಗುಲಾಮರ ಸ್ಮಶಾನವನ್ನು ಜೆರೋಮ್ ಹ್ಯಾಂಡ್ಲರ್ ಮತ್ತು ಅವರ ಸಂಗಡಿಗರು 1970ರ ದಶಕದ ಆರಂಭದಲ್ಲಿ ಅಗೆದರು. ಸಿಕ್ಕ ನೂರಕ್ಕೂ ಹೆಚ್ಚು ಜನರ ಅವಶೇಷಗಳಲ್ಲಿ ಒಬ್ಬ ವಯಸ್ಸಾದ ಗಂಡಸಿನದು ಬೇರೆಯೇ ರೀತಿ ಇತ್ತು. ಲೋಹದ ಬಳೆ, ಉಂಗುರಗಳು, ಒಂದು ಚಾಕು, ಆಫ್ರಿಕದ ಮಾದರಿಯ ಗಿಡ್ಡ ಮಣ್ಣಿನ ಚಿಲುಮೆ ಜೊತೆಗಿದ್ದವು. ಎಲ್ಲಕ್ಕಿಂತ ಮುಖ್ಯವಾದದ್ದು ಕೊರಳ ಸರ. ಅದರಲ್ಲಿ 7 ಕವಡೆ, ತೂತು ಕೊರೆದ ನಾಯಿಯ ಕೋರೆಹಲ್ಲು 21, ಗಾಜಿನ ಮಣಿ 14, ದೊಡ್ಡ ಮೀನಿನ ಬೆನ್ನೆಲುಬಿನ ಮಣಿ 5, ಮತ್ತು ಕೆಂಪು ಕಾರ್ನೀಲಿಯನ್ ಕಲ್ಲಿನ ಒಂದು ದೊಡ್ಡ ಮಣಿ ಇದ್ದವು. ಆತ ತನ್ನವರ ನಡುವೆ ವೈದ್ಯನೋ ಕಣಿ ಹೇಳುವವನೋ ಆಗಿದ್ದಿರಬೇಕು ಎಂಬುದು ಹ್ಯಾಂಡ್ಲರ್ ಅವರ ಅಭಿಪ್ರಾಯ. 'ಇರಬೇಕು' ಎಂಬ ಮಾತನ್ನು ತರಗತಿಯಲ್ಲಿಯೂ ಹಾಗೆಯೇ ಉಳಿಸಿಕೊಳ್ಳಿ.

ಈ ಸರದ ವಸ್ತುಗಳನ್ನು ಒಂದೊಂದಾಗಿ ಭೂಪಟದ ಮೇಲೆ ಇಟ್ಟು ನೋಡಿದರೆ ಪಾಠ ತಾನಾಗಿ ಬಿಚ್ಚಿಕೊಳ್ಳುತ್ತದೆ. ಕೆಂಪು ಮಣಿ ಗುಜರಾತಿನ ಖಂಭಾತ್‌ನಲ್ಲಿ ತಯಾರಾಗುತ್ತಿದ್ದ ಬಗೆಯದು. ಅಲ್ಲಿನ ಕುಶಲಕರ್ಮಿಗಳು ಕಲ್ಲನ್ನು ಕಾಯಿಸಿ ಕೆಂಪೇರಿಸಿ ಕೊರೆಯುತ್ತಿದ್ದ ಮಣಿಗಳು ಶತಮಾನಗಳಿಂದ ಆಫ್ರಿಕಕ್ಕೆ ಹೋಗುತ್ತಿದ್ದವು. ಆ ಕಾಲದ ಕವಡೆ ವ್ಯಾಪಾರದ ದೊಡ್ಡ ಮೂಲ ಮಾಲ್ಡೀವ್ಸ್. ಯುರೋಪಿಗೆ ಮರಳುವ ಹಡಗುಗಳಲ್ಲಿ ತೂಕಕ್ಕೆಂದು ತುಂಬಿದ ಕವಡೆ ಅಲ್ಲಿಂದ ಪಶ್ಚಿಮ ಆಫ್ರಿಕಕ್ಕೆ ಹೋಗಿ ಹಣವಾಗಿ ಚಲಾವಣೆಯಾಗುತ್ತಿತ್ತು. ಮನುಷ್ಯರನ್ನು ಕೊಳ್ಳಲು ಕೊಟ್ಟ ಬೆಲೆಯಲ್ಲಿ ಕವಡೆಯೂ ಸೇರಿತ್ತು. ಮನುಷ್ಯನನ್ನು ಕೊಂಡ ಹಣವೇ ಆ ಮನುಷ್ಯನ ಕೊರಳಲ್ಲಿ ರಕ್ಷೆಯಾಗಿ ಕುಳಿತಿದೆ. ಇದನ್ನು ಶಿಕ್ಷಕರು ಮೊದಲೇ ಹೇಳಿಬಿಡಬಾರದು. ಮಕ್ಕಳೇ ಅಲ್ಲಿಗೆ ಬರುವಂತೆ ಪ್ರಶ್ನೆಗಳನ್ನು ಜೋಡಿಸಬೇಕು. ಅವಸರ ಮಾಡದಿದ್ದರೆ ಬಂದೇ ಬರುತ್ತಾರೆ.

ನಾಯಿಯ ಹಲ್ಲಿಗೆ ಇನ್ನೊಂದು ಆಕರ ಇದೆ. 1760ರಲ್ಲಿ ಜಮೈಕಾದಲ್ಲಿ ಟ್ಯಾಕಿ ಎಂಬಾತನ ನಾಯಕತ್ವದಲ್ಲಿ ಗುಲಾಮರು ದಂಗೆ ಎದ್ದರು. ಗುಂಡು ತಾಗದಂತೆ ರಕ್ಷಿಸುವುದಾಗಿ ಹೇಳಿ ಮಂತ್ರವಾದಿಯೊಬ್ಬ ದಂಗೆಕೋರರಿಗೆ ಪುಡಿ ಹಂಚಿದ್ದ. ದಂಗೆ ಅಡಗಿಸಿದ ಮೇಲೆ ಅಲ್ಲಿನ ಶಾಸನಸಭೆ 'ಓಬಿಯಾ' ಎಂಬ ಈ ಆಚರಣೆಯನ್ನು ಮರಣದಂಡನೆಗೂ ಗುರಿಯಾಗಬಲ್ಲ ಅಪರಾಧವಾಗಿಸಿತು. ಯಾವ ಯಾವ ವಸ್ತುಗಳು ಸಿಕ್ಕಿದರೆ ಅಪರಾಧ ಎಂದು ಕಾಯಿದೆಯಲ್ಲೇ ಪಟ್ಟಿ ಇದೆ: ಗರಿ, ಗಿಳಿಯ ಕೊಕ್ಕು, ಮೊಸಳೆಯ ಹಲ್ಲು, ಒಡೆದ ಬಾಟಲಿ, ಗೋರಿಯ ಮಣ್ಣು, ಮೊಟ್ಟೆಯ ಚಿಪ್ಪು, ನಾಯಿಯ ಹಲ್ಲು. ತಡೆಯಲು ಹೊರಟ ಕಾನೂನೇ ನಮಗೆ ಆ ವಸ್ತುಗಳ ದಾಸ್ತಾನು ಪಟ್ಟಿಯಾಗಿ ಒದಗಿದೆ. ಬ್ರೆಜಿಲ್‌ನ ಸಾಲ್ವಡಾರ್ ನಗರದಲ್ಲೂ ಹೀಗೇ ಆಯಿತು. 1835ರ ಜನವರಿಯಲ್ಲಿ ಆಫ್ರಿಕನ್ ಮುಸ್ಲಿಮರು ಎದ್ದ ದಂಗೆಯಲ್ಲಿ ಕೆಲವರು ಕುರಾನಿನ ವಾಕ್ಯ ಬರೆದ ಕಾಗದವನ್ನು ಚರ್ಮದಲ್ಲಿ ಹೊಲಿದು ಕಟ್ಟಿಕೊಂಡಿದ್ದರು. ಪೊಲೀಸರು ಅವನ್ನು ಸಾಕ್ಷ್ಯವೆಂದು ವಶಪಡಿಸಿಕೊಂಡದ್ದರಿಂದಲೇ ಕೆಲವು ಇಂದಿಗೂ ದಾಖಲೆ ಸಂಗ್ರಹದಲ್ಲಿ ಉಳಿದಿವೆ.

ಇಲ್ಲೇ ಒಂದು ಎಚ್ಚರಿಕೆ. ಸಿಕ್ಕಿದ್ದೆಲ್ಲ ತಾಯತವಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಗುಲಾಮರ ಗುಡಿಸಲುಗಳ ನೆಲದಲ್ಲಿ ನೀಲಿ ಗಾಜಿನ ಮಣಿಗಳು ಮತ್ತೆ ಮತ್ತೆ ಸಿಗುತ್ತವೆ. ಕೆಟ್ಟ ದೃಷ್ಟಿ ತಾಗದಿರಲೆಂದು ಧರಿಸಿದ್ದು ಎಂದು ಕೆಲವು ವಿದ್ವಾಂಸರು, ಅಂಗಡಿಯಲ್ಲಿ ಸಿಗುತ್ತಿದ್ದ ಅಗ್ಗದ ಅಲಂಕಾರ ಎಂದು ಇನ್ನು ಕೆಲವರು. ತೂತು ಮಾಡಿದ ಬೆಳ್ಳಿ ನಾಣ್ಯದ ವಿಷಯದಲ್ಲಿ ನಾವು ಹೆಚ್ಚು ಧೈರ್ಯವಾಗಿ ಮಾತಾಡಬಹುದು. ಒಂದು ಕಾಲದಲ್ಲಿ ಗುಲಾಮರಾಗಿದ್ದ ವೃದ್ಧರನ್ನು 1930ರ ದಶಕದಲ್ಲಿ ಸಂದರ್ಶಿಸಿದಾಗ, ಮಾಟ ತಾಗದಂತೆ ನಾಣ್ಯವನ್ನು ಕಾಲಿಗೆ ಕಟ್ಟಿಕೊಳ್ಳುತ್ತಿದ್ದುದನ್ನು ಅವರ ಬಾಯಿಂದಲೇ ಬರೆದುಕೊಳ್ಳಲಾಗಿದೆ. ಆದ್ದರಿಂದ ಕಪ್ಪುಹಲಗೆಯನ್ನು ಎರಡು ಅಂಕಣ ಮಾಡಿ 'ಕಂಡದ್ದು', 'ಊಹಿಸಿದ್ದು' ಎಂದು ಬರೆಯಿರಿ. ನೀಲಿ ಮಣಿ ಮೊದಲನೆಯದರಲ್ಲಿ, ದೃಷ್ಟಿಯ ಮಾತು ಎರಡನೆಯದರಲ್ಲಿ. ಯಾವ ಊಹೆಗೆ ಇನ್ನೊಂದು ಸಾಕ್ಷಿಯ ಬೆಂಬಲವಿದೆ ಎಂದು ಮಕ್ಕಳು ಗುರುತು ಹಾಕಲಿ.

ತರಗತಿಯಲ್ಲಿ ಯಾರಾದರೂ "ಇದೆಲ್ಲ ಮೂಢನಂಬಿಕೆ ಅಲ್ಲವೇ ಸಾರ್?" ಎಂದು ಕೇಳಿಯೇ ಕೇಳುತ್ತಾರೆ. ಹೌದು ಎಂದು ಮುಗಿಸಿದರೆ ಚರ್ಚೆ ಅಲ್ಲಿಗೆ ಸತ್ತಂತೆ. ಕೇಳಿದ ಹುಡುಗನ ತೋಳಿನಲ್ಲೇ ತಾಯತ ಇರಬಹುದು, ಅದು ಬೇರೆ ಮಾತು. ಮರುಪ್ರಶ್ನೆ ಹೀಗಿರಲಿ: ಇವರಿಗೆ ಯಾವುದರಿಂದ ರಕ್ಷಣೆ ಬೇಕಿತ್ತು? ಚಾಟಿ, ಜ್ವರ, ನಾಳೆ ಬೆಳಿಗ್ಗೆ ಮಗುವನ್ನು ಮಾರಿಬಿಡುವ ಯಜಮಾನ. ನ್ಯಾಯಾಲಯವೂ ವೈದ್ಯನೂ ತಮ್ಮವರಲ್ಲದ ಕಡೆ ಮನುಷ್ಯ ಯಾವುದನ್ನು ನೆಚ್ಚಿಕೊಳ್ಳುತ್ತಾನೆ? ಹಾಗೆಂದು ತಾಯತಕ್ಕೆ ಶಕ್ತಿ ಇತ್ತೆಂದು ಸಾಧಿಸುವುದೂ ನಮ್ಮ ಕೆಲಸವಲ್ಲ.

ಎಲ್ಲಮ್ಮನ ಜೋಗತಿಯರ ಕವಡೆ ಸರವನ್ನು ನೆನಪಿಸಿಕೊಂಡು ಮಕ್ಕಳು ಹೋಲಿಕೆ ಮಾಡುತ್ತಾರೆ. ಮಾಡಲಿ, ಆದರೆ ಒಂದೇ ರೀತಿ ಕಂಡದ್ದು ಒಂದೇ ಮೂಲದ್ದಲ್ಲ ಎಂದು ತಿಳಿಸಿ. ನಮ್ಮ ರಾಜ್ಯದೊಂದಿಗೆ ನಿಜವಾದ ನಂಟು ಬೇರೆ ಕಡೆ ಇದೆ. ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆಯ ಸಿದ್ದಿಯರಲ್ಲಿ ಅನೇಕರ ಹಿರಿಯರು ಪೋರ್ಚುಗೀಸರು ಗೋವೆಗೆ ತಂದ ಆಫ್ರಿಕನ್ ಗುಲಾಮರು. ಸಿದ್ದಿ ಹೆಂಗಸರು ಹಳೆ ಬಟ್ಟೆಯ ಕೌದಿ ಹೊಲಿದು ಮುಗಿಸುವಾಗ ಮೂಲೆಗಳಲ್ಲಿ ಮಡಿಸಿದ ತ್ರಿಕೋನ ತುಂಡನ್ನು ಹಚ್ಚುತ್ತಾರೆ. ಅದನ್ನು 'ಫೂಲ' ಎನ್ನುತ್ತಾರೆ. ಅದಿಲ್ಲದೆ ಕೌದಿ ಪೂರ್ಣವಲ್ಲ. ಉತ್ತರ ಕನ್ನಡದಲ್ಲಿ ಅಭ್ಯಾಸ ಬೋಧನೆಗೆ ಹೋಗುವವರ ತರಗತಿಯಲ್ಲಿ ಸಿದ್ದಿ ಮಕ್ಕಳು ಇರಬಹುದು. ಆ ಮಗುವನ್ನು ಎಬ್ಬಿಸಿ ನಿಲ್ಲಿಸಿ "ನೀನು ಹೇಳು" ಎನ್ನಬೇಡಿ. ಕೌದಿಯನ್ನು ಚರ್ಚೆಗೆ ತರುವುದಾದರೆ ಹೊಲಿಗೆಯ ಕೌಶಲವಾಗಿಯೂ ತನ್ನಿ, ಬರೀ ಗುಲಾಮಗಿರಿಯ ಗುರುತಾಗಿ ಅಲ್ಲ.

ಮೌಲ್ಯಮಾಪನಕ್ಕೆ 'ತ್ರಿಕೋನ ವ್ಯಾಪಾರ ಎಂದರೇನು?' ಎಂಬ ಪ್ರಶ್ನೆಯ ಪಕ್ಕದಲ್ಲಿ ಇನ್ನೊಂದನ್ನು ಸೇರಿಸಬಹುದು: 'ನ್ಯೂಟನ್ ತೋಟದ ಸರದಲ್ಲಿರುವ ಯಾವ ವಸ್ತುಗಳನ್ನು ಆ ವ್ಯಕ್ತಿ ದ್ವೀಪದಲ್ಲೇ ಕೂಡಿಸಿಕೊಂಡಿರಬಹುದು? ಕಾರಣ ಕೊಡಿ.' ಹಲ್ಲು ಮತ್ತು ಮೀನಿನ ಮೂಳೆ ಎಂದು ಬರೆದು, ತೂತು ಕೊರೆಯಲು ಎಷ್ಟು ಹೊತ್ತು ಹಿಡಿದಿರಬೇಕು ಎಂದೂ ಯೋಚಿಸಿದ ಮಗುವಿಗೆ ಪೂರ್ಣ ಅಂಕ ಕೊಡಿ.