ಗೂಟಕ್ಕೆ ಸುತ್ತಿದ ಹಗ್ಗ, ಓಡುವ ಬೆಲ್ಟು

ರೊಚ್ಚಿಗೆದ್ದ ಹೋರಿಯನ್ನು ಹಗ್ಗ ಹಿಡಿದು ನಿಲ್ಲಿಸಲು ನಾಲ್ಕಾಳು ಬೇಕು. ಅದೇ ಹಗ್ಗವನ್ನು ನೆಲಕ್ಕೆ ನೆಟ್ಟ ಗೂಟಕ್ಕೆ ಎರಡು ಸುತ್ತು ಸುತ್ತಿ, ತುದಿಯನ್ನು ಹತ್ತು ವರ್ಷದ ಹುಡುಗನ ಕೈಗೆ ಕೊಟ್ಟರೂ ಸಾಕು, ಹೋರಿ ಇದ್ದಲ್ಲೇ ಇರುತ್ತದೆ. ಹಳ್ಳಿಯಲ್ಲಿ ಇದು ಯಾರಿಗೂ ಸೋಜಿಗವಲ್ಲ. ಲೆಕ್ಕಕ್ಕೆ ಕೂತಾಗ ಮಾತ್ರ ಬೆರಗಾಗುತ್ತದೆ. ಹಗ್ಗಕ್ಕೂ ಗೂಟಕ್ಕೂ ನಡುವಿನ ಘರ್ಷಣಾಂಕ 0.3 ಎಂದಿಟ್ಟುಕೊಳ್ಳಿ. ಅರ್ಧ ಸುತ್ತಿಗೆ ಹುಡುಗನ ಹಿಡಿತ ಎರಡೂವರೆ ಪಟ್ಟಾಗುತ್ತದೆ. ಒಂದು ಸುತ್ತಿಗೆ ಆರೂವರೆ ಪಟ್ಟು, ಎರಡು ಸುತ್ತಿಗೆ 43 ಪಟ್ಟು. ಮೂರನೆಯ ಸುತ್ತೂ ಹಾಕಿದರೆ 280 ದಾಟುತ್ತದೆ! ಪ್ರತಿ ಸುತ್ತೂ ಬಲವನ್ನು ಕೂಡಿಸುವುದಿಲ್ಲ, ಗುಣಿಸುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಲಿಯೊನಾರ್ಡ್ ಆಯ್ಲರ್ ಎಂಬ ಗಣಿತಜ್ಞ ಇದನ್ನು ಸೂತ್ರದಲ್ಲಿ ಹಿಡಿದಿಟ್ಟ.

ಗೂಟ ಸುಮ್ಮನೆ ನಿಂತಿರುವ ಬದಲು ತಾನೇ ತಿರುಗತೊಡಗಿದರೆ? ಆಗ ಹಗ್ಗವನ್ನು ಹಿಡಿದು ನಿಲ್ಲಿಸುವ ಬಲವೇ ಅದನ್ನು ಎಳೆದು ಓಡಿಸುತ್ತದೆ. ಹಗ್ಗದ ಜಾಗದಲ್ಲಿ ಅಗಲವಾದ ರಬ್ಬರ್ ಪಟ್ಟಿ, ಗೂಟದ ಜಾಗದಲ್ಲಿ ಮೋಟರಿಗೆ ಜೋಡಿಸಿದ ಉಕ್ಕಿನ ಪುಲ್ಲಿ. ಕನ್ವೇಯರ್ ಬೆಲ್ಟ್ ಎಂದರೆ ಇಷ್ಟೇ. ಇದರಲ್ಲಿ ಹಲ್ಲಿಲ್ಲ, ಸರಪಳಿಯಿಲ್ಲ. ಟನ್ನುಗಟ್ಟಲೆ ಸರಕು ಬರೀ ಘರ್ಷಣೆಯ ನಂಬಿಕೆಯ ಮೇಲೆ ಸಾಗುತ್ತದೆ.

ಎಷ್ಟು ಸಾಗುತ್ತದೆ ಎಂದು ತಿಳಿಯಲು ಕೃಷ್ಣೆಯ ದಡದಲ್ಲಿರುವ ಶಕ್ತಿನಗರಕ್ಕೆ ಬರೋಣ. ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ 210 ಮೆಗಾವ್ಯಾಟಿನ ಏಳು ಘಟಕ, 250 ಮೆಗಾವ್ಯಾಟಿನದು ಒಂದು, ಒಟ್ಟು 1720 ಮೆಗಾವ್ಯಾಟ್. ನಮ್ಮ ದೇಶದ ಬೂದಿ ಹೆಚ್ಚಿರುವ ಕಲ್ಲಿದ್ದಲಿನಲ್ಲಿ ಒಂದು ಯೂನಿಟ್ ವಿದ್ಯುತ್ ತೆಗೆಯಲು ಸುಮಾರು 700 ಗ್ರಾಂ ಸುಡಬೇಕು. ಎಂಟೂ ಘಟಕಗಳು ದಿನವಿಡೀ ಪೂರ್ತಿ ಓಡಿದರೆ ಹೆಚ್ಚುಕಡಿಮೆ 29 ಸಾವಿರ ಟನ್ ಬೇಕಾಗುತ್ತದೆ. ಒಂದು ಗೂಡ್ಸ್ ರೈಲು ತರುವುದು ಮೂರೂವರೆಯಿಂದ ನಾಲ್ಕು ಸಾವಿರ ಟನ್. ಅಂದರೆ ಸಿಂಗರೇಣಿಯ ಗಣಿಗಳಿಂದಲೋ ಇನ್ನೆಲ್ಲಿಂದಲೋ ದಿನಕ್ಕೆ ಏಳೆಂಟು ರೈಲು ಬಂದು ಬರಿದಾಗಿ ಹೋಗಬೇಕು. ಇಂಥ ಕೇಂದ್ರಗಳಲ್ಲಿ ವ್ಯಾಗನ್ ಟಿಪ್ಲರ್ ಎಂಬ ಯಂತ್ರ ಇಡೀ ವ್ಯಾಗನ್ನನ್ನೇ ಅವುಚಿ ಹಿಡಿದು ಮಗುಚಿ ಹಾಕುತ್ತದೆ. ಅಲ್ಲಿಂದ ಮುಂದೆ ಕ್ರಷರ್‌ಗೆ, ಅಂಗಳಕ್ಕೆ, ಬಾಯ್ಲರಿನ ಪಕ್ಕದ ಎತ್ತರದ ಬಂಕರಿಗೆ ಹೊತ್ತೊಯ್ಯುವುದೆಲ್ಲ ಬೆಲ್ಟೇ. ಈ ವಿಭಾಗವನ್ನು ಅಲ್ಲಿನವರು ಕೋಲ್ ಹ್ಯಾಂಡ್ಲಿಂಗ್ ಪ್ಲಾಂಟ್, ಚುಟುಕಾಗಿ ಸಿಎಚ್‌ಪಿ ಅನ್ನುತ್ತಾರೆ. ವಿದ್ಯುತ್ ಕೇಂದ್ರ ನೋಡಲು ಹೋದವರಿಗೆ ಟರ್ಬೈನ್ ತೋರಿಸುತ್ತಾರೆ, ಮಿನುಗುವ ಕಂಟ್ರೋಲ್ ರೂಮ್ ತೋರಿಸುತ್ತಾರೆ. ಸಿಎಚ್‌ಪಿ ಕಡೆಗೆ ಕರೆದೊಯ್ಯುವವರು ಕಡಿಮೆ. ಅಲ್ಲಿ ಹೋದರೆ ಅಂಗಿ ಕಪ್ಪಾಗುತ್ತದೆ.

ಬೆಲ್ಟಿನ ಆಪರೇಟರ್ ಎಂದರೆ ಹಸಿರು ಗುಂಡಿ ಒತ್ತಿ ಕುಳಿತುಕೊಳ್ಳುವವನು ಎಂದು ಹೊರಗಿನವರಿಗೆ ಅನ್ನಿಸುತ್ತದೆ. ಅವನ ನಿಜವಾದ ಕೆಲಸ ಘರ್ಷಣೆಯನ್ನು ಕಾಯುವುದು. ಬೇಕಾದ ಒಂದು ಜಾಗದಲ್ಲಿ ಅದು ಕಡಿಮೆಯಾಗಬಾರದು, ಬೇಡದ ಸಾವಿರ ಜಾಗಗಳಲ್ಲಿ ಹೆಚ್ಚಬಾರದು. ಬೇಕಾದ ಜಾಗ ಡ್ರೈವ್ ಪುಲ್ಲಿ. ಬೇಡದ ಜಾಗಗಳು ಬೆಲ್ಟನ್ನು ಹೊತ್ತ ರೋಲರುಗಳು.

ಮೊದಲು ಪುಲ್ಲಿ. ಹುಡುಗ ಹಗ್ಗದ ತುದಿಯನ್ನು ಪೂರ್ತಿ ಕೈಬಿಟ್ಟರೆ ಏನಾಗುತ್ತದೆ? ಸೊನ್ನೆಯನ್ನು ನಲವತ್ತಮೂರರಿಂದ ಗುಣಿಸಿದರೂ ಸೊನ್ನೆಯೇ, ಹೋರಿ ಓಡಿಹೋಗುತ್ತದೆ. ಹಾಗೆಯೇ ಪುಲ್ಲಿಯಿಂದ ಹೊರಬರುವ ಸಡಿಲ ಮಗ್ಗುಲನ್ನೂ ಯಾರಾದರೂ ಒಂದಿಷ್ಟು ಎಳೆದು ಹಿಡಿದಿರಬೇಕು. ಉದ್ದನೆಯ ಬೆಲ್ಟುಗಳಲ್ಲಿ ಆ ಹುಡುಗನ ಕೆಲಸ ಮಾಡುವುದು ಬೆಲ್ಟಿನ ಮಡಿಕೆಯಿಂದ ನೇತಾಡುವ ಒಂದು ದೊಡ್ಡ ತೂಕ. ಬೆಲ್ಟ್ ಬಿಸಿಲಿಗೆ ಹಿಗ್ಗಲಿ, ಹೊರೆಗೆ ಜಗ್ಗಲಿ, ತೂಕ ತಾನೇ ಕೆಳಗಿಳಿದು ಬಿಗಿ ಕಾಯ್ದುಕೊಳ್ಳುತ್ತದೆ. ಅದರ ಗುಂಡಿಯಲ್ಲಿ ಕಲ್ಲಿದ್ದಲು ಪುಡಿ ತುಂಬಿ ತೂಕ ನೆಲಕ್ಕೆ ಕೂತುಬಿಟ್ಟರೆ ಹುಡುಗ ಕೈಬಿಟ್ಟಂತೆಯೇ ಸರಿ. ಆಗ ಪುಲ್ಲಿ ತಿರುಗುತ್ತದೆ, ಬೆಲ್ಟ್ ನಿಂತಿರುತ್ತದೆ, ರಬ್ಬರ್ ಉಜ್ಜಿ ಕಾದು ಹೊಗೆಯೇಳುತ್ತದೆ, ಪಕ್ಕದಲ್ಲೇ ಕಲ್ಲಿದ್ದಲಿನ ಧೂಳು. ಬೆಲ್ಟ್ ನಿಜವಾಗಿ ಓಡುತ್ತಿದೆಯೇ ಎಂದು ನೋಡಲು ಝೀರೋ ಸ್ಪೀಡ್ ಸ್ವಿಚ್ ಇರುವುದು ಇದಕ್ಕೇ. ಮೋಟರ್ ಓಡುತ್ತಿದೆ ಎಂಬ ದೀಪವನ್ನು ನಂಬಿ ಕೂತರೆ ಕೆಟ್ಟಂತೆ.

ಇನ್ನು ರೋಲರುಗಳು. ಅರ್ಧ ಕಿಲೋಮೀಟರ್ ಬೆಲ್ಟಿನಲ್ಲಿ ಮೀಟರಿಗೊಂದರಂತೆ, ಸ್ವಲ್ಪ ಆಚೀಚೆ, ಮೂರು ರೋಲರಿನ ಚೌಕಟ್ಟುಗಳು. ನಡುವಿನದು ಮಟ್ಟಸ, ಅಕ್ಕಪಕ್ಕದ ಎರಡು ಮೇಲಕ್ಕೆ ಬಾಗಿ ಬೆಲ್ಟನ್ನು ದೋಣಿಯಂತೆ ಮಾಡುತ್ತವೆ. ಹಿಂದಿರುಗುವ ಬರಿಬೆಲ್ಟಿಗೆ ಕೆಳಗೆ ಮತ್ತಷ್ಟು ರೋಲರು. ಹೀಗೆ ಒಂದೇ ಬೆಲ್ಟಿಗೆ ಸಾವಿರದ ಐನೂರಕ್ಕೂ ಹೆಚ್ಚು ರೋಲರು, ಅದರ ಎರಡರಷ್ಟು ಬೇರಿಂಗು. ಇಷ್ಟರಲ್ಲಿ ದಿನಾ ಒಂದಾದರೂ ಕೆಡುತ್ತದೆ ಎಂದು ಎಣಿಸಿಯೇ ಆಪರೇಟರ್ ಗ್ಯಾಲರಿಯಲ್ಲಿ ನಡೆಯುವುದು. ಅವನು ಕಣ್ಣಿಗಿಂತ ಕಿವಿಯನ್ನು ನೆಚ್ಚುತ್ತಾನೆ. ಚೆನ್ನಾಗಿರುವ ರೋಲರುಗಳದ್ದು ಒಂದೇ ಸಮನೆ ಗುಂಯ್‌ಗುಡುವ ಸದ್ದು. ಗ್ರೀಸ್ ಒಣಗಿದ್ದು ಕೀಚಲು ದನಿ ತೆಗೆಯುತ್ತದೆ. ರಾಯಚೂರಿನ ಮಾತಿನಲ್ಲಿ ಹೇಳುವುದಾದರೆ, ರೋಲರ್ ಅಳ್ಲಿಕತ್ತದ. ಅಳುತ್ತಿದ್ದುದು ಒಂದು ದಿನ ಸುಮ್ಮನಾದರೆ ಸಂತೋಷಪಡುವಂತಿಲ್ಲ. ಬೇರಿಂಗ್ ಪೂರ್ತಿ ಕಚ್ಚಿಕೊಂಡಿದೆ, ಬೆಲ್ಟ್ ಈಗ ನಿಂತ ಉಕ್ಕಿನ ಮೇಲೆ ಉಜ್ಜುತ್ತಾ ಹೋಗುತ್ತಿದೆ ಎಂದು ಅರ್ಥ. ಉಜ್ಜಿಉಜ್ಜಿ ತೆಳುವಾದ ಉಕ್ಕು ಕೊನೆಗೆ ಚಾಕುವಾಗಿ ಬೆಲ್ಟನ್ನೇ ಸೀಳಬಹುದು, ಇಲ್ಲವೇ ಕೆಂಡದಂತೆ ಕಾದು ಪುಡಿಗೆ ಬೆಂಕಿ ಹಚ್ಚಬಹುದು.

ಬೆಲ್ಟ್ ಪಕ್ಕಕ್ಕೆ ಜಾರದಂತೆ ಕಾಯುವುದೂ ಅವನ ಕೆಲಸವೇ. ನಾವು ಚಿಕ್ಕವರಿದ್ದಾಗ ಊರ ಹಿಟ್ಟಿನ ಗಿರಣಿಯಲ್ಲಿ ಪಟ್ಟಾ ನೋಡುತ್ತಾ ನಿಲ್ಲುತ್ತಿದ್ದೆವು. ಆ ಪುಲ್ಲಿಗೆ ಅಂಚೇ ಇರಲಿಲ್ಲ, ಪಟ್ಟಾ ಜಾರಿ ಬೀಳುತ್ತಲೂ ಇರಲಿಲ್ಲ. ಗಿರಣಿಯವನನ್ನು ಕೇಳಿದರೆ ‘ಅದರ ಹೊಟ್ಟೆ ನೋಡು’ ಅಂದ. ಪುಲ್ಲಿ ನಡುವೆ ಒಂದು ನೂಲಿನಷ್ಟು ಉಬ್ಬಿತ್ತು. ಉಬ್ಬಿದ ಕಡೆಯಿಂದ ಪಟ್ಟಾ ತಗ್ಗಿಗೆ ಜಾರಬೇಕಲ್ಲ ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಆಗುವುದು ತಿರುಗುಮುರುಗು, ಪಟ್ಟಾ ಉಬ್ಬನ್ನೇ ಹತ್ತುತ್ತದೆ. ಬೆಲ್ಟ್ ಓರೆಯಾಗಿ ಕೂತಾಗ ಉಬ್ಬಿನ ಕಡೆಯ ಅಂಚು ಹೆಚ್ಚು ಬಿಗಿಯಾಗಿ ಹಿಗ್ಗುತ್ತದೆ. ಆ ಬಿಗಿತಕ್ಕೆ ಪುಲ್ಲಿಯ ಹೊರಗಿರುವ ಭಾಗ ತುಸು ಬಾಗುತ್ತದೆ. ಹಾಗೆ ಬಾಗಿದ್ದರಿಂದ ಮುಂದೆ ಬರುವ ಪ್ರತಿ ಅಂಗುಲವೂ ಉಬ್ಬಿಗೆ ಇನ್ನಷ್ಟು ಹತ್ತಿರ ಬಂದು ಕೂರುತ್ತದೆ. ಕೊನೆಗೆ ನಡುವೆ ನೆಲೆ ನಿಲ್ಲುತ್ತದೆ. ದೊಡ್ಡ ಕನ್ವೇಯರುಗಳ ಕೆಲವು ಪುಲ್ಲಿಗಳಿಗೂ ಇಂಥ ಹೊಟ್ಟೆ ಕೊಟ್ಟಿರುತ್ತಾರೆ. ಆದರೆ ಉದ್ದದ ಬೆಲ್ಟನ್ನು ಸಾಲಿನಲ್ಲಿ ಇಡಲು ಅದೊಂದೇ ಸಾಲದು, ರೋಲರುಗಳನ್ನೂ ಹದ ಮಾಡಬೇಕು.

ಅದಕ್ಕೊಂದು ಸೂತ್ರವಿದೆ. ರೋಲರಿನ ಯಾವ ತುದಿಯನ್ನು ಬೆಲ್ಟ್ ಮೊದಲು ಮುಟ್ಟುತ್ತದೋ ಆ ಕಡೆಗೆ ಅದು ವಾಲುತ್ತದೆ. ಹಾಗಾಗಿ ಬೆಲ್ಟ್ ಬಲಕ್ಕೆ ಹರಿದರೆ ರೋಲರ್ ಚೌಕಟ್ಟಿನ ಬಲತುದಿಯನ್ನು ಬೆಲ್ಟ್ ಓಡುವ ದಿಕ್ಕಿಗೆ ಕೂದಲೆಳೆಯಷ್ಟು ಮುಂದೆ ಸರಿಸಬೇಕು. ಹೊಸಬರು ತಪ್ಪುವುದು ಸೂತ್ರದಲ್ಲಲ್ಲ, ಜಾಗದಲ್ಲಿ. ಬೆಲ್ಟ್ ಎಲ್ಲಿ ಅಂಚು ಉಜ್ಜುತ್ತಿದೆಯೋ ಅಲ್ಲೇ ಸ್ಪ್ಯಾನರ್ ಹಾಕುತ್ತಾರೆ. ರೋಗ ಇರುವುದು ಅದಕ್ಕಿಂತ ಹಿಂದೆ, ಬೆಲ್ಟ್ ಬರುವ ದಾರಿಯಲ್ಲಿ. ಪಳಗಿದವನು ಕೆಲವು ಚೌಕಟ್ಟು ಹಿಂದೆ ಹೋಗಿ ಒಂದನ್ನು ಸರಿಸಿ, ಬೆಲ್ಟ್ ಎರಡು ಮೂರು ಸುತ್ತು ಬರುವವರೆಗೆ ಕೈಕಟ್ಟಿ ನಿಲ್ಲುತ್ತಾನೆ. ಕಾಯದೆ ಇನ್ನೊಂದನ್ನೂ ಸರಿಸಿದರೆ ಬೆಲ್ಟ್ ಇನ್ನೊಂದು ಕಡೆಗೆ ಹರಿಯತೊಡಗುತ್ತದೆ, ಆಮೇಲೆ ಇಡೀ ಪಾಳಿ ಅದನ್ನೇ ಅಟ್ಟುತ್ತಾ ಇರಬೇಕು.

ಬೆಲ್ಟುಗಳನ್ನು ಚಾಲೂ ಮಾಡುವುದಕ್ಕೂ ಒಂದು ಕ್ರಮವಿದೆ. ಎಲೆ ಹಾಕಿದ ಮೇಲೆ ಅನ್ನ ಬಡಿಸುತ್ತೇವಲ್ಲ, ಹಾಗೆ. ಮೊದಲು ಬಂಕರಿನ ಮೇಲಿನ ಕಟ್ಟಕಡೆಯ ಬೆಲ್ಟ್, ಆಮೇಲೆ ಅದಕ್ಕೆ ಸುರಿಯುವುದು, ಕೊನೆಗೆ ಕಲ್ಲಿದ್ದಲು ಉಣಿಸುವ ಫೀಡರ್. ನಿಲ್ಲಿಸುವಾಗ ಫೀಡರ್ ಮೊದಲು. ಗಂಟೆಗೆ ಸಾವಿರ ಟನ್ ಸಾಗಿಸುವ ಸಾಲಿನಲ್ಲಿ ಮುಂದಿನ ಬೆಲ್ಟ್ ನಿಂತು ಹಿಂದಿನದು ಓಡುತ್ತಲೇ ಇದ್ದರೆ ಒಂದೇ ನಿಮಿಷಕ್ಕೆ ಹದಿನಾರು ಟನ್ನಿಗೂ ಹೆಚ್ಚು ಕಲ್ಲಿದ್ದಲು, ಒಂದು ಬೆಲ್ಟಿನಿಂದ ಇನ್ನೊಂದಕ್ಕೆ ಸುರಿಯುವ ಚೂಟಿನ ಬಾಯಲ್ಲಿ ರಾಶಿ ಬೀಳುತ್ತದೆ. ಹಾಗಾಗದಂತೆ ಬೆಲ್ಟುಗಳನ್ನು ಒಂದಕ್ಕೊಂದು ಇಂಟರ್‌ಲಾಕ್ ಮಾಡಿರುತ್ತಾರೆ, ಮುಂದಿನದು ನಿಂತರೆ ಹಿಂದಿನದು ತಾನೇ ನಿಲ್ಲುತ್ತದೆ. ನಿಂತ ಬೆಲ್ಟಿನ ಮೇಲೂ ಹೊರೆ ಹಾಗೇ ಉಳಿಯುತ್ತದೆ. ಸೆಕೆಂಡಿಗೆ ಎರಡೂವರೆ ಮೀಟರ್ ವೇಗದಲ್ಲಿ ಓಡುವ ಇಂಥ ಬೆಲ್ಟಿನ ಪ್ರತಿ ಮೀಟರಿನ ಮೇಲೆ 110 ಕಿಲೋ ಇರುತ್ತದೆ. 300 ಮೀಟರಿಗೆ 33 ಟನ್. ಏರುಬೆಲ್ಟಾದರೆ ಅಷ್ಟೂ ಭಾರ ಹಿಮ್ಮುಖವಾಗಿ ಉರುಳಲು ಹವಣಿಸುತ್ತದೆ, ಅದನ್ನು ತಡೆಯಲು ಪುಲ್ಲಿಯ ಅಚ್ಚಿಗೆ ಒಂದೇ ದಿಕ್ಕಿಗೆ ತಿರುಗಗೊಡುವ ಹೋಲ್ಡ್‌ಬ್ಯಾಕ್ ಇರುತ್ತದೆ.

ಭಾರದ ಸರಕು ಹೊತ್ತೂ ಬಾಳುವ ಇಂಥ ಬೆಲ್ಟು ಶುರುವಾದದ್ದು ಅಮೆರಿಕದ ನ್ಯೂಜೆರ್ಸಿಯಲ್ಲಿ. 1890ರ ದಶಕದ ಆರಂಭದಲ್ಲಿ ಥಾಮಸ್ ರಾಬಿನ್ಸ್ ಎಂಬ ತರುಣ ಎಡಿಸನ್‌ನ ಅದಿರು ಕಾರ್ಖಾನೆಯಲ್ಲಿ ಬೆಲ್ಟುಗಳು ಬಲುಬೇಗ ಹಾಳಾಗುವುದನ್ನು ಕಂಡ. ಗಟ್ಟಿ ಎನಿಸಿದ್ದ ಕ್ಯಾನ್ವಾಸ್ ಸವೆಯುತ್ತಿತ್ತು, ಮೆತ್ತಗಿದ್ದ ರಬ್ಬರ್ ಬಾಳುತ್ತಿತ್ತು. ಕಲ್ಲು ಬಿದ್ದರೆ ರಬ್ಬರ್ ಒಮ್ಮೆ ತಗ್ಗಿ ಮತ್ತೆ ಎದ್ದುಬಿಡುತ್ತದೆ. ಹೊರೆ ಹೊರುವ ಮೈಗೆ ರಬ್ಬರನ್ನು ದಪ್ಪಗೆ ಹಾಕಿದ ಅವನ ಬೆಲ್ಟಿಗೆ 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ದೊಡ್ಡ ಬಹುಮಾನವೇ ಬಂತು. ಇವತ್ತು ಪಶ್ಚಿಮ ಸಹಾರಾದ ಬೂಕ್ರಾ ಗಣಿಯಿಂದ ಕಡಲತೀರಕ್ಕೆ ಫಾಸ್ಫೇಟ್ ಒಯ್ಯುವ ಬೆಲ್ಟ್ ಸಾಲು ಸುಮಾರು ನೂರು ಕಿಲೋಮೀಟರ್ ಉದ್ದವಿದೆ. ಅದರಿಂದ ಗಾಳಿಗೆ ಹಾರಿದ ಬಿಳಿಪುಡಿಯ ಗೆರೆ ಉಪಗ್ರಹದ ಚಿತ್ರಗಳಲ್ಲಿ ಕಾಣುತ್ತದೆ. ನಮ್ಮ ಸಂಡೂರಿನ ಗಣಿಗಳಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹಾಕಿರುವ 24 ಕಿಲೋಮೀಟರಿನದು ಪೈಪ್ ಕನ್ವೇಯರ್. ಬೆಲ್ಟನ್ನೇ ವೀಳ್ಯದೆಲೆಯಂತೆ ಸುರುಳಿ ಸುತ್ತಿ ಅದಿರನ್ನು ಒಳಗಿಟ್ಟು ಒಯ್ಯುತ್ತಾರೆ. ಲಾರಿಗಳ ಕೆಂಪು ಧೂಳು ತಿಂದ ಬಳ್ಳಾರಿ ಸೀಮೆಯವರಿಗೆ ಇದರ ಬೆಲೆ ಗೊತ್ತು.

ಸಿಎಚ್‌ಪಿಗೆ ಮರಳೋಣ. ಅಲ್ಲಿನವರಿಗೆ ಕಷ್ಟದ ಕಾಲ ಮಳೆಗಾಲ. ರಾಯಚೂರಿನಲ್ಲಿ ಮಳೆ ಕಡಿಮೆ, ನಿಜ. ಕಲ್ಲಿದ್ದಲು ನೆನೆಯುವುದು ದೂರದ ಗಣಿಯಲ್ಲಿ, ತೆರೆದ ವ್ಯಾಗನ್ನಿನಲ್ಲಿ. ಜೇಡಿ ಬೆರೆತ ಒದ್ದೆ ಪುಡಿ ಮಳೆಯಲ್ಲಿ ಎರೆಹೊಲ ತುಳಿದಾಗ ಕಾಲಿಗೆ ಮೆತ್ತುವ ಮಣ್ಣಿನ ಹಾಗೆ ಎಲ್ಲಕ್ಕೂ ಅಂಟುತ್ತದೆ. ಚೂಟ್ ಕಟ್ಟಿಕೊಳ್ಳುತ್ತದೆ. ಬೆಲ್ಟಿಗೆ ಅಂಟಿದ್ದು ಅದನ್ನು ಕೆರೆದು ತೆಗೆಯುವ ಸ್ಕ್ರೇಪರಿಗೂ ಬಗ್ಗದೆ ಹಿಂದಿರುಗುವ ದಾರಿಯಲ್ಲಿ ಕೆಳಗೆ ಉದುರುತ್ತದೆ. ಪುಲ್ಲಿಗೆ ಒಂದು ಪಕ್ಕದಲ್ಲಿ ಮೆತ್ತಿಕೊಂಡರೆ ಗಿರಣಿಯ ಪುಲ್ಲಿಯ ಹೊಟ್ಟೆ ನಡುವಿನಲ್ಲಿರದೆ ಅಂಚಿಗೆ ಬಂದಂತಾಯಿತು. ಬೆಲ್ಟ್ ನಿಯತ್ತಿನಿಂದ ಆ ಕಡೆಗೇ ಹತ್ತುತ್ತದೆ, ಅಂಚು ಹರಿದುಕೊಳ್ಳುತ್ತದೆ.

ಉದುರಿದ್ದನ್ನು ಯಾರಾದರೂ ಬಳಿಯಬೇಕು. ಕನ್ವೇಯರಿನ ಅಪಾಯವೆಲ್ಲ ಇಲ್ಲಿದೆ. ಸಲಿಕೆಯೋ ಟವೆಲಿನ ತುದಿಯೋ ಬೆಲ್ಟಿಗೂ ಪುಲ್ಲಿಗೂ ನಡುವಿನ ಸಂದಿಗೆ ಸಿಕ್ಕಿತು ಅನ್ನಿ. ಕಂಡದ್ದಕ್ಕೆ ಕೈ ಹಿಂದೆಗೆಯಲು ಮನುಷ್ಯನಿಗೆ ಏನಿಲ್ಲವೆಂದರೂ ಕಾಲು ಸೆಕೆಂಡ್ ಬೇಕು. ಅಷ್ಟರಲ್ಲಿ ಎರಡೂವರೆ ಮೀಟರ್ ವೇಗದ ಬೆಲ್ಟ್ ಅರವತ್ತು ಸೆಂಟಿಮೀಟರ್ ಮುಂದೆ ಹೋಗಿರುತ್ತದೆ, ಅಂದರೆ ಹೆಚ್ಚುಕಡಿಮೆ ಒಂದು ತೋಳಿನುದ್ದ. ಹೋರಿಯನ್ನು ಹಿಡಿದ ಅದೇ ಗುಣಾಕಾರದ ಹಿಡಿತ ಈಗ ಕೈಯನ್ನು ಹಿಡಿದಿರುತ್ತದೆ, ಎಳೆದುಕೊಳ್ಳುವ ಮಾತೇ ಇಲ್ಲ. ಓಡುವ ಯಂತ್ರದ ಹತ್ತಿರ ಹೋಗುವವನು ಮೈಗಂಟುವ ಉಡುಪನ್ನೇ ತೊಡಬೇಕು, ಅದನ್ನು ಕಾರ್ಖಾನೆಯೇ ಕೊಡಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿದ್ದರು. ಆದರೂ ಬೆಲ್ಟ್ ಓಡುತ್ತಿರುವಾಗಲೇ ಕೆಳಗೆ ಬಗ್ಗಿ ಬಳಿಯುವ ಚಾಳಿ ಎಷ್ಟೋ ಕಾರ್ಖಾನೆಗಳಲ್ಲಿ ಹೋಗಿಲ್ಲ. ಬಳಿಯಲು ಕಳಿಸುವುದೂ ಸಾಮಾನ್ಯವಾಗಿ ಗುತ್ತಿಗೆಯ ಆಳುಗಳನ್ನು. ಎಲ್ಲರಿಗಿಂತ ಕಡಿಮೆ ತರಬೇತಿ ಪಡೆದವನಿಗೆ ಎಲ್ಲಕ್ಕಿಂತ ಅಪಾಯದ ಜಾಗ. ಇದು ಸರಿಯಲ್ಲ. ಬೆಲ್ಟ್ ನಿಲ್ಲಿಸಿ, ಕರೆಂಟ್ ತೆಗೆಸಿ, ಬೀಗ ಹಾಕಿ, ಬೀಗದ ಕೈಯನ್ನು ಒಳಗೆ ಹೋಗುವವನ ಜೇಬಿನಲ್ಲೇ ಇಟ್ಟು ಕಳಿಸುವುದೊಂದೇ ಸರಿಯಾದ ದಾರಿ.

ಬೆಲ್ಟಿನ ಎರಡೂ ಮಗ್ಗುಲಿಗೆ ಸೊಂಟದೆತ್ತರದಲ್ಲಿ ಒಂದು ಹಗ್ಗ ಉದ್ದಕ್ಕೂ ಓಡಿರುತ್ತದೆ. ಅದರ ಹೆಸರು ಪುಲ್ ಕಾರ್ಡ್. ಯಾರು ಎಲ್ಲಿ ಎಳೆದರೂ ಬೆಲ್ಟಿನ ಮೋಟರಿಗೆ ಕರೆಂಟ್ ಕಡಿಯುತ್ತದೆ, ಹಿಂದಿನ ಸಾಲೂ ನಿಲ್ಲುತ್ತದೆ. ಅದನ್ನು ಎಳೆಯಲು ಇಂಜಿನಿಯರೇ ಆಗಬೇಕಿಲ್ಲ, ಸಲಿಕೆ ಹಿಡಿದವನಿಗೂ ಆ ಹಕ್ಕಿದೆ. ಹಾಗೆ ನಿಂತ ಬೆಲ್ಟನ್ನು ಕಂಟ್ರೋಲ್ ರೂಮಿನಲ್ಲಿ ಕೂತು ಮತ್ತೆ ಓಡಿಸಲು ಬರುವುದಿಲ್ಲ. ಹಗ್ಗ ಎಳೆದ ಜಾಗಕ್ಕೇ ಒಬ್ಬರು ನಡೆದುಹೋಗಿ, ಅಲ್ಲಿ ಏನಾಗಿದೆ, ಯಾರಿದ್ದಾರೆ ಎಂದು ಕಣ್ಣಾರೆ ನೋಡಿ, ಸ್ವಿಚ್ಚಿನ ಹಿಡಿಯನ್ನು ಕೈಯಿಂದಲೇ ತಿರುಗಿಸಿ ಮೊದಲಿನಂತೆ ಕೂರಿಸಬೇಕು.