ಹದಿಮೂರಕ್ಕೇ ಕಾಲೇಜು?

"ಅಷ್ಟೇನು ಅವಸರ? ಮಗು ಮಗುವಾಗಿರಲಿ ಬಿಡಿ." ಪಾಠ ಶುರುವಾಗುವ ಮೊದಲೇ ಪುಸ್ತಕ ಓದಿ ಮುಗಿಸುವ, ಏಳನೇ ತರಗತಿಯಲ್ಲಿದ್ದುಕೊಂಡೇ ಅಕ್ಕನ ಪಿಯುಸಿ ಲೆಕ್ಕ ಬಿಡಿಸುವ ಮಕ್ಕಳ ತಂದೆತಾಯಿ ಯಾರ ಹತ್ತಿರ ಸಲಹೆ ಕೇಳಿದರೂ ಸಿಗುವ ಉತ್ತರ ಇದು. ನಾನೂ ಬಹಳ ವರ್ಷ ಇದನ್ನೇ ಹೇಳುತ್ತಿದ್ದೆ. ಕಾಳಜಿಯಿಂದ ಬರುವ ಮಾತೇ. ಆದರೆ ಅದರೊಳಗೆ ಒಂದು ನಂಬಿಕೆ ಅಡಗಿ ಕೂತಿದೆ: ಮುಂದಕ್ಕೆ ಕಳಿಸಿದರೆ ಅಪಾಯ, ಇದ್ದಲ್ಲೇ ಇಟ್ಟರೆ ನಷ್ಟವೇನಿಲ್ಲ. ಐವತ್ತು ವರ್ಷಗಳ ಸಂಶೋಧನೆ ಅಲುಗಾಡಿಸಿರುವುದು ಈ ನಂಬಿಕೆಯನ್ನೇ.

1968ರ ಬೇಸಿಗೆ. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಜೋಸೆಫ್ ಬೇಟ್ಸ್ ಎಂಬ 12 ವರ್ಷದ ಹುಡುಗನಿಗೆ ಶಾಲೆಯ ಗಣಿತ ಸಾಲದೆ, ತಂದೆತಾಯಿ ಅವನನ್ನು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಕಂಪ್ಯೂಟರ್ ತರಗತಿಗೆ ಸೇರಿಸಿದ್ದರು. ಅಲ್ಲೂ ಅವನು ಎಲ್ಲರಿಗಿಂತ ಮುಂದೆ. ಹೊತ್ತು ಹೋಗದೆ, ತನಗಿಂತ ಎಷ್ಟೋ ದೊಡ್ಡವರಿಗೆ ಫೋರ್ಟ್ರಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಸುತ್ತ ಕೂತಿದ್ದ. ಸುದ್ದಿ ಮನಶ್ಶಾಸ್ತ್ರಜ್ಞ ಜೂಲಿಯನ್ ಸ್ಟ್ಯಾನ್ಲಿ ಅವರನ್ನು ತಲುಪಿತು. ಕಾಲೇಜು ಪ್ರವೇಶಕ್ಕೆ ಬರೆಯುವ ಸ್ಯಾಟ್ ಪರೀಕ್ಷೆಯನ್ನು ಅವರು ಹುಡುಗನಿಂದ ಬರೆಸಿ ನೋಡಿದರು. ಜಾನ್ಸ್ ಹಾಪ್ಕಿನ್ಸ್‌ಗೆ ಸೇರಲು ಬೇಕಾದ್ದಕ್ಕಿಂತ ಹೆಚ್ಚೇ ಅಂಕ ಬಂತು. ಮೇಲಿನ ತರಗತಿಯ ಪಾಠಕ್ಕೆ ಅವನನ್ನು ಸೇರಿಸಿಕೊಳ್ಳಿ ಎಂದು ಸ್ಟ್ಯಾನ್ಲಿ ಹೈಸ್ಕೂಲುಗಳನ್ನು ಕೇಳಿದರು, ಯಾವುದೂ ಒಪ್ಪಲಿಲ್ಲ. ಕೊನೆಗೆ ವಿಶ್ವವಿದ್ಯಾಲಯದ ಡೀನ್ ಅವರನ್ನೇ ಒಪ್ಪಿಸಿ, 13ನೇ ವಯಸ್ಸಿಗೆ ಅವನನ್ನು ಪದವಿ ತರಗತಿಗೆ ಸೇರಿಸಿದರು. ನಾಚಿಕೆ ಸ್ವಭಾವದ ತನಗೆ ಹೈಸ್ಕೂಲೇ ಕಷ್ಟವಾಗುತ್ತಿತ್ತು, ಗಣಿತದ ಹುಚ್ಚಿನವರ ನಡುವೆ ಕಾಲೇಜಿನಲ್ಲಿ ಹೊಂದಿಕೊಂಡುಬಿಟ್ಟೆ ಎಂದು ಬೇಟ್ಸ್ ದೊಡ್ಡವರಾದ ಮೇಲೆ ನೆನಪಿಸಿಕೊಂಡಿದ್ದಾರೆ.

ಇಲ್ಲಿ ಗಮನಿಸಬೇಕಾದ್ದು ಸ್ಟ್ಯಾನ್ಲಿ ಹಿಡಿದ ಅಳತೆಗೋಲು. ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು ಮಕ್ಕಳ ಎತ್ತರ ಗುರುತು ಮಾಡುತ್ತೇವಲ್ಲ, ಗೆರೆಗಳು ನಾಲ್ಕು ಅಡಿಗೇ ಮುಗಿದರೆ ನಾಲ್ಕು ಅಡಿಯ ಹುಡುಗಿಯೂ ಐದು ಅಡಿಯ ಹುಡುಗಿಯೂ ನಮಗೆ ಒಂದೇ. ಶಾಲೆಯ ಪರೀಕ್ಷೆಯೂ ಹಾಗೆಯೇ. ನೂರಕ್ಕೆ ನೂರು ತಂದ ಇಬ್ಬರಲ್ಲಿ ಒಬ್ಬಳಿಗೆ ಅಲ್ಲಿಗೆ ಏದುಸಿರು ಬಂದಿರಬಹುದು, ಇನ್ನೊಬ್ಬಳು ಇನ್ನೂ ಓಟವನ್ನೇ ಶುರುಮಾಡಿರಲಿಕ್ಕಿಲ್ಲ. ದೊಡ್ಡವರ ಪರೀಕ್ಷೆಯನ್ನು ಚಿಕ್ಕವರಿಗೆ ಕೊಟ್ಟರೆ ಆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. 1972ರಲ್ಲಿ ಸ್ಟ್ಯಾನ್ಲಿ ಬಾಲ್ಟಿಮೋರ್ ಸುತ್ತಮುತ್ತಲಿನ ಸುಮಾರು 450 ಮಕ್ಕಳಿಗೆ ಇದನ್ನೇ ಮಾಡಿದರು. ಅವರೆಲ್ಲ 12ರಿಂದ 14 ವರ್ಷದವರು. ಮುಂದೆ ಆ ಅಧ್ಯಯನ ಬೆಳೆದು 5,000ಕ್ಕೂ ಹೆಚ್ಚು ಮಂದಿಯನ್ನು ನಡುವಯಸ್ಸಿನವರೆಗೂ ಹಿಂಬಾಲಿಸಿತು. ಈಗ ಅದನ್ನು ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಲುಬಿನ್‌ಸ್ಕಿ ಮತ್ತು ಕಮಿಲಾ ಬೆನ್‌ಬೋ ನಡೆಸುತ್ತಿದ್ದಾರೆ.

ತರಗತಿ ದಾಟಿ ಮುಂದೆ ಹೋದ ಮಕ್ಕಳನ್ನು, ಅಷ್ಟೇ ಜಾಣರಾಗಿದ್ದೂ ಹೋಗದೆ ಉಳಿದವರ ಜೊತೆಗಿಟ್ಟು ನೋಡಿದಾಗ, ಮೊದಲ ಗುಂಪಿನವರು ಡಾಕ್ಟರೇಟ್ ಇಲ್ಲವೇ ಪೇಟೆಂಟ್ ಗಳಿಸುವ ಸಾಧ್ಯತೆ ಶೇ. 60ರಷ್ಟು ಹೆಚ್ಚಿತ್ತು. ಇರಲಿ, ಪೇಟೆಂಟಿನಿಂದ ನೆಮ್ಮದಿ ಸಿಗುತ್ತದೆಯೇ? ನನಗೆ ಹೆಚ್ಚು ಮುಖ್ಯವೆನಿಸುವುದು 2021ರಲ್ಲಿ ಪ್ರಕಟವಾದ ಭಾಗ. 35 ವರ್ಷ ಹಿಂಬಾಲಿಸಿದ 1,636 ಮಂದಿಯ ಮಾನಸಿಕ ಸ್ವಾಸ್ಥ್ಯವನ್ನು ಅವರ ಐವತ್ತರ ಆಸುಪಾಸಿನಲ್ಲಿ ಅಳೆದರು. ಬೇಗ ಓದಿದ್ದಕ್ಕೂ ಮುಂದಿನ ಮನಸ್ಸಿನ ನೆಮ್ಮದಿಗೂ ಕೆಟ್ಟ ಸಂಬಂಧವೇನೂ ಸಿಗಲಿಲ್ಲ. ಆಸ್ಟ್ರೇಲಿಯಾದಲ್ಲಿ ಮಿರಾಕಾ ಗ್ರಾಸ್ 60 ಅಸಾಧಾರಣ ಮಕ್ಕಳನ್ನು 20 ವರ್ಷ ಗಮನಿಸಿದಾಗ ಕಂಡದ್ದು ಇನ್ನೂ ಮನ ಕಲಕುವಂಥದ್ದು: ವಯಸ್ಸಿನ ಲೆಕ್ಕದಲ್ಲೇ ಕೂರಿಸಿದ ಮಕ್ಕಳಲ್ಲಿ ಹಲವರಿಗೆ ದೊಡ್ಡವರಾದ ಮೇಲೂ ಸ್ನೇಹ ಕಟ್ಟಿಕೊಳ್ಳುವುದು ಕಷ್ಟವಾಗಿತ್ತು. ಮಗು ಒಂಟಿಯಾಗಬಾರದೆಂದು ನಾವು ಹಿಡಿದಿಟ್ಟುಕೊಂಡ ಕಡೆಯಲ್ಲೇ ಅದು ಒಂಟಿಯಾಗಿತ್ತು.

ಈ ಅಂಕಿಗಳಿಗೆ ಒಂದು ಮಿತಿ ಇದೆ, ಅದನ್ನು ಮರೆಯಬಾರದು. ಮುಂದೆ ಹೋದವರು ಹೋಗಬೇಕೆಂದು ಬಯಸಿದವರು. ಅವರ ಬೆನ್ನಿಗೆ ಮನೆಯವರೂ ಇದ್ದರು. ಒತ್ತಾಯಕ್ಕೆ ಹೋದ ಮಗುವಿನ ಪಾಡನ್ನು ಈ ಸರಾಸರಿ ಹೇಳುವುದಿಲ್ಲ.

ಆ ಪಾಡು ನೆನೆದಾಗ ಎಲ್ಲರೂ ಹೇಳುವುದು ವಿಲಿಯಂ ಸೈಡಿಸ್ ಕಥೆ. 1909ರಲ್ಲಿ, 11ನೇ ವಯಸ್ಸಿಗೆ ಹಾರ್ವರ್ಡ್ ಸೇರಿ, ಮರುವರ್ಷದ ಜನವರಿಯಲ್ಲಿ ಅಲ್ಲಿನ ಗಣಿತ ಸಂಘದಲ್ಲಿ ನಾಲ್ಕು ಆಯಾಮದ ಆಕೃತಿಗಳ ಬಗ್ಗೆ ಉಪನ್ಯಾಸ ಕೊಟ್ಟ ಬಾಲಕ. ಪತ್ರಿಕೆಗಳು ಬೆನ್ನು ಬಿಡಲಿಲ್ಲ. ಕೊನೆಗೆ ಅವರು ಜನರ ಕಣ್ಣಿಗೆ ಬೀಳದಂತೆ ಸಣ್ಣ ಗುಮಾಸ್ತಿಕೆಗಳಲ್ಲಿ ಕಾಲ ಕಳೆದು, 1944ರಲ್ಲಿ 46ನೇ ವಯಸ್ಸಿಗೆ ತೀರಿಕೊಂಡರು. ಆದರೆ ಆ ಉಪನ್ಯಾಸ ಕೇಳುತ್ತಿದ್ದವರಲ್ಲಿ ಇನ್ನೊಬ್ಬ ಹುಡುಗನೂ ಇದ್ದ: 15 ವರ್ಷದ ನಾರ್ಬರ್ಟ್ ವೀನರ್. ಅವನು ಟಫ್ಟ್ಸ್ ಕಾಲೇಜು ಸೇರಿದ್ದು ಕೂಡ 11ನೇ ವಯಸ್ಸಿಗೇ. 18ಕ್ಕೆ ಡಾಕ್ಟರೇಟ್, ಮುಂದೆ ಸೈಬರ್ನೆಟಿಕ್ಸ್ ಶಾಸ್ತ್ರದ ಜನಕ. ವೀನರ್ ಬಾಲ್ಯವೂ ಸುಖದ್ದಲ್ಲ, ತಂದೆಯ ಕಠಿಣ ಪಾಠದ ಗಾಯಗಳನ್ನು ಅವರು ಆತ್ಮಕಥೆಯಲ್ಲಿ ಬಿಚ್ಚಿಟ್ಟಿದ್ದಾರೆ. ಆದರೂ ಅವರ ತಂದೆ ಒಂದು ಎಚ್ಚರಿಕೆ ವಹಿಸಿದ್ದರು. ಹೆಸರಾಂತ ಹಾರ್ವರ್ಡ್ ಬಿಟ್ಟು, ಪತ್ರಿಕೆಯವರ ಗದ್ದಲವಿಲ್ಲದ ಚಿಕ್ಕ ಕಾಲೇಜನ್ನು ಆರಿಸಿದ್ದರು. ಸೈಡಿಸ್‌ಗೆ ಕಾಲೇಜಿಗಿಂತ ಹೆಚ್ಚು ಪೆಟ್ಟು ಕೊಟ್ಟದ್ದು ಪ್ರದರ್ಶನ ಎಂದು ನನಗನ್ನಿಸುತ್ತದೆ. ಮಗುವಿನ ಸಾಧನೆಯನ್ನು ವಾಟ್ಸ್ಯಾಪ್ ಗುಂಪಿಗೆಲ್ಲ ಕಳಿಸುವ ಮುನ್ನ ಈ ಇಬ್ಬರನ್ನೂ ನೆನೆಯಬೇಕು.

ಇನ್ನು ಮೆದುಳು. 2006ರಲ್ಲಿ ಫಿಲಿಪ್ ಶಾ ಮತ್ತು ಸಂಗಡಿಗರು 307 ಮಕ್ಕಳ ಮೆದುಳಿನ ಚಿತ್ರಗಳನ್ನು ವರ್ಷಗಟ್ಟಲೆ ತೆಗೆದು ಹೋಲಿಸಿದರು. ಬುದ್ಧಿಮತ್ತೆಯಲ್ಲಿ ಬಹಳ ಮುಂದಿದ್ದ ಮಕ್ಕಳ ಮೆದುಳಿನ ಹೊರಪದರ ಶುರುವಿನಲ್ಲಿ ತೆಳುವಾಗೇ ಇದ್ದು, 11ರ ಹೊತ್ತಿಗೆ ದಪ್ಪದ ತುದಿ ಮುಟ್ಟಿ, ಆಮೇಲೆ ವೇಗವಾಗಿ ತೆಳುವಾಗತೊಡಗಿತ್ತು. ಉಳಿದ ಮಕ್ಕಳಲ್ಲಿ ಆ ತುದಿ ಮೊದಲೇ ಬಂದು ಹೋಗಿತ್ತು. ಅಂದರೆ ಜಾಣ ಮಗುವಿನ ಮೆದುಳು ಬೇಗ ಹಣ್ಣಾದ ಮೆದುಳಲ್ಲ; ಹೆಚ್ಚು ಕಾಲ ಕಟ್ಟಿಕೊಳ್ಳುತ್ತಿರುವ ಮೆದುಳು. ಮನಸ್ಸನ್ನು ಹತೋಟಿಯಲ್ಲಿಡುವ, ಮುಂದಿನದನ್ನು ಯೋಚಿಸಿ ನಡೆಸುವ ಮುಂಭಾಗವಂತೂ ಯಾರಲ್ಲಿಯೂ ಇಪ್ಪತ್ತು ದಾಟುವವರೆಗೆ ಪೂರ್ತಿ ಮಾಗುವುದಿಲ್ಲ. ಹಾಗಾಗಿ ಕ್ಯಾಲ್ಕುಲಸ್ ಬಲ್ಲ 13ರ ಹುಡುಗ ಬಸ್ ಪಾಸ್ ಕಳೆದುಕೊಂಡು ಅತ್ತರೆ ಆಶ್ಚರ್ಯವಿಲ್ಲ.

ಒಂದೇ ತಲೆಯೊಳಗೆ ವಿಷಯ ವಿಷಯಕ್ಕೂ ಏರುಪೇರು ಇರುತ್ತದೆ. ಕುಂಭಕೋಣದ ಕಾಲೇಜಿನಲ್ಲಿ ರಾಮಾನುಜನ್ ಗಣಿತ ಬಿಟ್ಟು ಉಳಿದದ್ದನ್ನು ಮುಟ್ಟದೆ ವಿದ್ಯಾರ್ಥಿವೇತನ ಕಳೆದುಕೊಂಡದ್ದು ನಮಗೆಲ್ಲ ಗೊತ್ತು. "ಕಾಲೇಜಿಗೆ ತಯಾರೇ?" ಎಂಬ ಒಂದೇ ಪ್ರಶ್ನೆಗೆ ಹೌದು, ಇಲ್ಲ ಎಂದು ಒಂದೇ ಉತ್ತರ ಹುಡುಕುವುದೇ ತಪ್ಪು.

ಈ ಏರುಪೇರನ್ನು ಅರ್ಥ ಮಾಡಿಕೊಂಡ ಒಂದು ಮನೆ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿತ್ತು. ಗಣಿತಜ್ಞ ಟೆರೆನ್ಸ್ ಟಾವೊ ಅವರ ತಂದೆತಾಯಿ ಮಗನನ್ನು ಮೂರೂವರೆ ವರ್ಷಕ್ಕೇ ಶಾಲೆಗೆ ಸೇರಿಸಿದ್ದರು. ಓದು ಬರುತ್ತಿತ್ತು, ಅಷ್ಟು ಹೊತ್ತು ತರಗತಿಯಲ್ಲಿ ಕೂರಲು ಬರುತ್ತಿರಲಿಲ್ಲ. ಕೆಲವೇ ವಾರಗಳಲ್ಲಿ ಬಿಡಿಸಿಕೊಂಡು ಬಂದರು. ಮತ್ತೆ ಸೇರಿಸಿದ್ದು ಐದಕ್ಕೆ. 1983ರಲ್ಲಿ, ಎಂಟನೇ ಹುಟ್ಟುಹಬ್ಬದ ಹಿಂದಿನ ದಿನ, ಕೆನ್ ಕ್ಲೆಮೆಂಟ್ಸ್ ಎಂಬ ಗಣಿತ ಶಿಕ್ಷಣತಜ್ಞ ಆ ಹುಡುಗನನ್ನು ಕೇಳಿದರು: 2 ಸೆಂ.ಮೀ. ಮತ್ತು 3 ಸೆಂ.ಮೀ. ತ್ರಿಜ್ಯದ ಎರಡು ವೃತ್ತಗಳ ಕೇಂದ್ರಗಳ ನಡುವೆ 4 ಸೆಂ.ಮೀ. ದೂರವಿದ್ದರೆ ಅವು ಒಂದನ್ನೊಂದು ಕತ್ತರಿಸುತ್ತವೆಯೇ? ಹೌದು, ಇಲ್ಲದಿದ್ದರೆ ದೂರ 5ಕ್ಕಿಂತ ಹೆಚ್ಚಿರಬೇಕಿತ್ತು ಎಂದ. ಚಿತ್ರ ಬರೆದು ನೋಡುವ ಅಗತ್ಯವೇ ಅವನಿಗೆ ಬೀಳಲಿಲ್ಲ. ಆ ದಿನಗಳಲ್ಲಿ ಅವನು ದಿನದ ಒಂದಷ್ಟು ಹೊತ್ತು ಹೈಸ್ಕೂಲಿನಲ್ಲಿ, ಉಳಿದ ಹೊತ್ತು ಪ್ರಾಥಮಿಕ ಶಾಲೆಯಲ್ಲಿ ಇರುತ್ತಿದ್ದ. 9ಕ್ಕೆ ವಿಶ್ವವಿದ್ಯಾಲಯದ ಗಣಿತ ಶುರುವಾಯಿತು. ಆದರೂ ಪೂರ್ಣಾವಧಿ ಪದವಿಗೆ 14ರ ಸುಮಾರಿನವರೆಗೆ ಕಳಿಸಲಿಲ್ಲ. ಅತಿ ಚಿಕ್ಕ ಪದವೀಧರ ಎಂಬ ದಾಖಲೆ ತಂದೆತಾಯಿಗೆ ಬೇಕಿರಲಿಲ್ಲ. 21ಕ್ಕೆ ಪ್ರಿನ್ಸ್‌ಟನ್‌ನಿಂದ ಡಾಕ್ಟರೇಟ್, 2006ರಲ್ಲಿ ಫೀಲ್ಡ್ಸ್ ಪದಕ, ಇದೆಲ್ಲ ಮುಂದಿನ ಮಾತು.

ಮುಂದೆ ಕಳಿಸುವಾಗ ತಂದೆತಾಯಿ ಸಿದ್ಧರಿರಬೇಕಾದ ಒಂದು ನೋವಿದೆ. ಹಾಳೂರಿಗೆ ಉಳಿದವನೇ ಗೌಡ ಎನ್ನುತ್ತೇವೆ. ತರಗತಿಗೆಲ್ಲ ಮೊದಲಿಗನಾಗಿದ್ದವನು ತನ್ನಂಥ ಹತ್ತು ಮಂದಿಯ ನಡುವೆ ಕೂತಾಗ, ಅವನ ಜಾಣತನ ಒಂದಿಷ್ಟೂ ಕಡಿಮೆಯಾಗದಿದ್ದರೂ ತನ್ನ ಬಗೆಗಿನ ಎಣಿಕೆ ಕುಸಿಯುತ್ತದೆ. ಮನಶ್ಶಾಸ್ತ್ರಜ್ಞ ಹರ್ಬರ್ಟ್ ಮಾರ್ಷ್ 1980ರ ದಶಕದಿಂದ ಇದನ್ನು ದೇಶದೇಶಗಳ ಶಾಲೆಗಳಲ್ಲಿ ತೋರಿಸಿದ್ದಾರೆ. ಮೊದಲ ಬಾರಿ 62 ಅಂಕ ಬಂದ ಸಂಜೆ ಮನೆಯಲ್ಲಿ ಯಾರು ಏನು ಮಾತಾಡುತ್ತಾರೆ ಎಂಬುದು ಬಹಳ ದೊಡ್ಡ ಸಂಗತಿ.

ಅಮೆರಿಕದಲ್ಲಿರುವ ಕನ್ನಡ ಮನೆಗಳಿಗೆ ಟಾವೊ ಮನೆಯವರು ಹಿಡಿದಂಥ ಅರ್ಧ ದಾರಿ ತೆರೆದಿದೆ. ಹೈಸ್ಕೂಲಿನಲ್ಲಿದ್ದುಕೊಂಡೇ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಒಂದೆರಡು ವಿಷಯ ಓದಬಹುದು. ನಮ್ಮಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಒಂದರ ಹಿಂದೊಂದು ಬೀಗ ಹಾಕಿದ ಬಾಗಿಲು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ತಥಾಗತ್ ಅವತಾರ್ ತುಳಸಿ 21ನೇ ವಯಸ್ಸಿಗೆ ಡಾಕ್ಟರೇಟ್ ಪಡೆದದ್ದು ಸುದ್ದಿಯಾದದ್ದೇ ಅಂಥದ್ದು ಇಲ್ಲಿ ಅಪರೂಪ ಎಂಬ ಕಾರಣಕ್ಕೆ. ಆದರೂ ಒಂದು ಕಿಟಕಿ ಇದೆ. ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ನಡೆಸುವ ಎನ್‌ಪಿಟಿಇಎಲ್ ಆನ್‌ಲೈನ್ ಕೋರ್ಸುಗಳಿಗೆ ಯಾರು ಬೇಕಾದರೂ ಸೇರಬಹುದು. ಪಾಠ ಉಚಿತ, ಪರೀಕ್ಷೆ ಬರೆದರಷ್ಟೇ ಶುಲ್ಕ.

ಒಂಬತ್ತನೇ ತರಗತಿಯ ಹುಡುಗಿ ಇನ್ನೂ ಕಲಿಯಬೇಕೆಂದು ಕೇಳುತ್ತಿದ್ದರೆ, ಅವಳಿಗೆ ಇಷ್ಟವಾದ ಒಂದೇ ಒಂದು ಕೋರ್ಸು, ಹನ್ನೆರಡು ವಾರದ್ದು, ಅವಳೇ ಆರಿಸಲಿ. ಶಾಲೆ, ಗೆಳತಿಯರು, ಸಂಜೆಯ ಆಟ ಯಾವುದನ್ನೂ ಬಿಡಿಸಬೇಡಿ. ನಾಲ್ಕೈದು ವಾರ ಕಳೆದು ಹೊಸತನ ಹಳತಾದಾಗ ನೋಡಿ. ಯಾರೂ ನೆನಪಿಸದಿದ್ದರೂ ಊಟಕ್ಕೆ ಮುಂಚೆ ಅವಳೇ ಆ ವಾರದ ಲೆಕ್ಕ ಬಿಡಿಸಲು ಕೂತಿದ್ದರೆ, ಮುಂದಿನ ಕೋರ್ಸಿನ ಮಾತನ್ನು ಆಗ ಎತ್ತಬಹುದು. ಕೂತಿಲ್ಲವಾದರೆ ಮುಚ್ಚಿಡಲಿ, ಮುಂದಿನ ವರ್ಷವೂ ಅದು ಅಲ್ಲೇ ಇರುತ್ತದೆ.