ಒಂದು ವರ್ಷ ಬ್ರಿಟನ್ನಿನಲ್ಲಿ ದುಡಿದು ಬರಬೇಕೆನ್ನುವ ಮಕ್ಕಳಿಗೆ: ಖರ್ಚೆಷ್ಟು, ಸಿದ್ಧತೆ ಏನು?

ಓದಲು ವಿದೇಶಕ್ಕೆ ಹೋಗುವುದು ನಮ್ಮ ಸಮಾಜದ ಮನೆಗಳಿಗೆ ಹೊಸದಲ್ಲ. ಓದು ಮುಗಿಸಿ, ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಎರಡು ವರ್ಷ ಕೆಲಸ ಮಾಡಿ, "ಒಂದು ವರ್ಷ ಹೊರಗೆ ದುಡಿದು ಬರುತ್ತೇನೆ" ಎಂದು ಹೊರಡುವವರ ದಾರಿ ಬೇರೆ. ಅದಕ್ಕೆ ಕಾಲೇಜಿನ ಪ್ರವೇಶಪತ್ರವಿಲ್ಲ, ಶಿಕ್ಷಣ ಸಾಲವೂ ಇಲ್ಲ. ಅಂಥವರಿಗೆ ತೆರೆದಿರುವ ದಾರಿಗಳಲ್ಲಿ ಬ್ರಿಟನ್ನಿನ ಇಂಡಿಯಾ ಯಂಗ್ ಪ್ರೊಫೆಷನಲ್ಸ್ ಸ್ಕೀಮ್ ಮುಖ್ಯವಾದದ್ದು. ಭಾರತ ಮತ್ತು ಬ್ರಿಟನ್ 2021ರಲ್ಲಿ ಮಾಡಿಕೊಂಡ ಒಪ್ಪಂದದ ಫಲವಾಗಿ ಇದು 2023ರ ಫೆಬ್ರುವರಿಯಲ್ಲಿ ಆರಂಭವಾಯಿತು. ವರ್ಷಕ್ಕೆ 3,000 ಭಾರತೀಯರಿಗೆ ಅವಕಾಶ. ಮೊದಲೇ ಕೆಲಸ ಗೊತ್ತಾಗಿರಬೇಕೆಂದಿಲ್ಲ, ಕಂಪನಿಯ ಪ್ರಾಯೋಜಕತ್ವವೂ ಬೇಡ. ಅಲ್ಲಿಗೆ ಹೋಗಿ ಕೆಲಸ ಹುಡುಕಿಕೊಳ್ಳಬಹುದು, ಕೆಲಸ ಬದಲಿಸಲೂಬಹುದು.

ಇದರಲ್ಲಿ ಆಕರ್ಷಣೆ ಇರುವಷ್ಟೇ ಅಪಾಯವೂ ಇದೆ. ಕೆಲಸ ಸಿಗುತ್ತದೆಂಬ ಖಾತರಿ ಇಲ್ಲದೆ ಮನೆಯವರು ಆರು ಲಕ್ಷ ರೂಪಾಯಿ ಹೊಂದಿಸಬೇಕಾಗುತ್ತದೆ. ಆ ಆರು ಲಕ್ಷ ಯಾವುದಕ್ಕೆ, ಅದರಲ್ಲಿ ಎಷ್ಟು ವಾಪಸು ಬರುತ್ತದೆ ಎಂಬುದನ್ನು ಪೆನ್ನು ಕಾಗದ ಹಿಡಿದು ನೋಡದೆ ಒಡವೆ ಅಡವಿಡಲು ಹೊರಡಬಾರದು.

ಯಾರಿಗೆ ಅವಕಾಶ?

ವಯಸ್ಸು 18ರಿಂದ 30ರೊಳಗಿರಬೇಕು. ಕನಿಷ್ಠ ಪದವಿ ಆಗಿರಬೇಕು. ಜೊತೆಯಲ್ಲಿರುವ ಅಥವಾ ತಮ್ಮ ಖರ್ಚಿನಲ್ಲಿರುವ 18 ವರ್ಷದೊಳಗಿನ ಮಕ್ಕಳು ಇರಬಾರದು. ಗಂಡ ಅಥವಾ ಹೆಂಡತಿಯನ್ನು ಇದೇ ಅರ್ಜಿಯಲ್ಲಿ ಸೇರಿಸಲು ಬರುವುದಿಲ್ಲ. ಅವರೂ ಬರುವುದಾದರೆ ಅವರದೇ ಅರ್ಜಿ ಬೇಕು. ಹೆಸರುಗಳನ್ನು ಚೀಟಿ ಎತ್ತಿದ ಹಾಗೆ ಆರಿಸುತ್ತಾರೆ. ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ, ಫೆಬ್ರುವರಿಯಲ್ಲಿ ಮತ್ತು ಜುಲೈಯಲ್ಲಿ, ಎರಡು ದಿನಗಳ ಮಟ್ಟಿಗೆ ಬ್ರಿಟನ್ ಸರ್ಕಾರದ ಜಾಲತಾಣದಲ್ಲಿ ನೋಂದಣಿ ತೆರೆಯುತ್ತದೆ. ಹೆಚ್ಚಿನ ಸ್ಥಾನಗಳನ್ನು ಫೆಬ್ರುವರಿಯಲ್ಲೇ ತುಂಬುತ್ತಾರೆ.

ಈ ನೋಂದಣಿಗೆ ಒಂದು ಪೈಸೆಯೂ ಶುಲ್ಕವಿಲ್ಲ. ಒಬ್ಬರಿಗೆ ಒಂದು ಸಲಕ್ಕೆ ಒಂದೇ ನೋಂದಣಿ. ಆಯ್ಕೆ ಮಾಡುವುದು ಕಂಪ್ಯೂಟರ್. ಹೀಗಿರುವಾಗ "ಗ್ಯಾರಂಟಿ ಮಾಡಿಸಿಕೊಡುತ್ತೇವೆ" ಎಂದು ಹಣ ಕೇಳುವ ಏಜೆಂಟ್ ಯಾವ ಊರಿನವನಾದರೂ, ಯಾರ ಪರಿಚಯದವನಾದರೂ, ಮಾರುತ್ತಿರುವುದು ಗಾಳಿಯನ್ನು. ಹೆಸರು, ಜನ್ಮದಿನಾಂಕ, ಪಾಸ್‌ಪೋರ್ಟ್ ವಿವರ, ಅದರ ಚಿತ್ರ, ಫೋನ್ ಸಂಖ್ಯೆ, ಇಮೇಲ್ ಇಷ್ಟೇ ಬೇಕಾಗುವುದು. ಪದವೀಧರ ಮಕ್ಕಳು ಮನೆಯಲ್ಲೇ ಕುಳಿತು ಹತ್ತು ನಿಮಿಷದಲ್ಲಿ ಮುಗಿಸಬಹುದು.

ಹೆಸರು ಬಂದ ಮೇಲೆ

ಆಯ್ಕೆಯಾದವರಿಗೆ ಇಮೇಲ್ ಬರುತ್ತದೆ. ಅದರಲ್ಲಿ ಹೇಳಿದ ಗಡುವಿನೊಳಗೆ ವೀಸಾ ಅರ್ಜಿ ಹಾಕಿ, ಹಣ ಕಟ್ಟಿ, ಬೆರಳಚ್ಚು ಕೊಡಬೇಕು. ಆ ಸಮಯದಲ್ಲಿ ಕಾಗದಪತ್ರ ಹುಡುಕಿಕೊಂಡು ಕುಳಿತರೆ ಗಡುವು ಮೀರುತ್ತದೆ. ನಮ್ಮ ವಿಶ್ವವಿದ್ಯಾಲಯಗಳಿಂದ ಘಟಿಕೋತ್ಸವದ ಪದವಿ ಪ್ರಮಾಣಪತ್ರ ಬರಲು ಎಷ್ಟು ತಿಂಗಳಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದನ್ನು ಈಗಲೇ ತರಿಸಿಡಿ. ಕ್ಷಯರೋಗ ಪರೀಕ್ಷೆಯನ್ನು ಬ್ರಿಟನ್ ಸರ್ಕಾರ ಮಾನ್ಯ ಮಾಡಿದ ಕ್ಲಿನಿಕ್‌ನಲ್ಲೇ ಮಾಡಿಸಬೇಕು, ಊರಿನ ಡಾಕ್ಟರ ಚೀಟಿ ನಡೆಯದು. ಆ ಪ್ರಮಾಣಪತ್ರಕ್ಕೆ ಆರು ತಿಂಗಳ ಆಯುಷ್ಯ. ಪಾಸ್‌ಪೋರ್ಟ್ ಕಚೇರಿಯ ಮೂಲಕ ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರವನ್ನೂ ಪಡೆಯಬೇಕು.

ಹಲವರು ಎಡವುವುದು ಬ್ಯಾಂಕ್ ಖಾತೆಯ ವಿಷಯದಲ್ಲಿ. ಅರ್ಜಿದಾರರ ಹೆಸರಿನಲ್ಲಿ 2,530 ಪೌಂಡ್‌ಗೆ ಸಮನಾದ ಹಣ ಸತತವಾಗಿ 28 ದಿನ ಇರಬೇಕು. ನಡುವೆ ಒಂದು ದಿನ ಆ ಮಟ್ಟಕ್ಕಿಂತ ಕೆಳಗಿಳಿದರೂ ಅರ್ಜಿ ತಿರಸ್ಕೃತವಾಗಬಹುದು. ಹಣ ತಂದೆ ಕೊಟ್ಟದ್ದಾದರೂ ಮಗ ಅಥವಾ ಮಗಳ ಖಾತೆಗೆ ಬಂದಿರಬೇಕು. ಪೌಂಡಿನ ದರ ದಿನವೂ ಏರಿಳಿಯುವುದರಿಂದ ಲೆಕ್ಕಕ್ಕೆ ಸರಿಯಾಗಿ ಇಡುವ ಬದಲು ಇಪ್ಪತ್ತು ಸಾವಿರ ರೂಪಾಯಿ ಹೆಚ್ಚಿಗೆ ಇಡುವುದು ಜಾಣತನ. ಆ ಒಂದು ತಿಂಗಳು ಅದೇ ಖಾತೆಯಿಂದ ಕಂತು ಕಡಿತವಾಗದಂತೆಯೂ ನೋಡಿಕೊಳ್ಳಿ.

ಆರು ಲಕ್ಷದ ಲೆಕ್ಕ

ಸುಲಭಕ್ಕಾಗಿ ಪೌಂಡಿಗೆ 120 ರೂಪಾಯಿ ಎಂದು ಹಿಡಿಯೋಣ. 2025ರ ಏಪ್ರಿಲ್‌ನಲ್ಲಿ ವೀಸಾ ಶುಲ್ಕವನ್ನು 319 ಪೌಂಡ್‌ಗೆ, ಅಂದರೆ ಸುಮಾರು 38,000 ರೂಪಾಯಿಗೆ ನಿಗದಿ ಮಾಡಲಾಗಿತ್ತು. ಅದಕ್ಕಿಂತ ಭಾರವಾದದ್ದು ಆರೋಗ್ಯ ಶುಲ್ಕ. ಅಲ್ಲಿನ ಸರ್ಕಾರಿ ವೈದ್ಯಕೀಯ ಸೇವೆಗಾಗಿ ವರ್ಷಕ್ಕೆ 776 ಪೌಂಡ್ ಮುಂಗಡ ಕಟ್ಟಬೇಕು. ವೀಸಾ ಎರಡು ವರ್ಷದ್ದಾದ್ದರಿಂದ ಕಟ್ಟಬೇಕಾದದ್ದು 1,552 ಪೌಂಡ್, ಅಂದರೆ 1,86,000 ರೂಪಾಯಿ. ನೀವು ಒಂದೇ ವರ್ಷಕ್ಕೆ ವಾಪಸು ಬಂದರೂ ಉಳಿದ ವರ್ಷದ ಹಣ ಮರಳುವುದಿಲ್ಲ. "ಒಂದು ವರ್ಷ" ಎಂದು ಹೊರಡುವವರು ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ನಿರ್ಧರಿಸಬೇಕು. ಎರಡನೆಯ ವರ್ಷದ ಬಾಗಿಲನ್ನು ಮೊದಲೇ ಮುಚ್ಚಿಕೊಂಡು ಹೋಗುವುದು ಹಣದ ದೃಷ್ಟಿಯಿಂದ ಸರಿಯಲ್ಲ.

ಪರೀಕ್ಷೆ, ಪ್ರಮಾಣಪತ್ರ, ಬೆಂಗಳೂರಿಗೆ ಓಡಾಟ, ಹೋಗುವ ವಿಮಾನದ ಟಿಕೆಟ್ ಎಲ್ಲಕ್ಕೂ 60,000 ಇಟ್ಟರೆ ಮರಳಿ ಬಾರದ ಖರ್ಚೇ 2,85,000 ಆಯಿತು. ಖಾತೆಯಲ್ಲಿ ತೋರಿಸಬೇಕಾದ ಮೂರು ಲಕ್ಷ ಬರೀ ತೋರಿಕೆಗಲ್ಲ. ಮೊದಲ ಸಂಬಳ ಕೈಗೆ ಬರುವವರೆಗೆ ಬಾಡಿಗೆ, ಊಟ, ಬಸ್ಸು ಎಲ್ಲ ಅದರಿಂದಲೇ ನಡೆಯಬೇಕು. ಸಾಲ ತಂದು ತೋರಿಸಿ, ವೀಸಾ ಬಂದ ಮೇಲೆ ಹಿಂತಿರುಗಿಸಿ ಬರಿಗೈಯಲ್ಲಿ ಹೋಗುವವರಿಗೆ ಮೊದಲ ಎರಡು ತಿಂಗಳಲ್ಲೇ ಕಷ್ಟ ಶುರುವಾಗುತ್ತದೆ.

ಇನ್ನು ದುಡಿಮೆ. 2025-26ರಲ್ಲಿ 21 ವರ್ಷ ದಾಟಿದವರಿಗೆ ಅಲ್ಲಿನ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡ್. ವಾರಕ್ಕೆ 37.5 ಗಂಟೆ ದುಡಿದರೆ ವರ್ಷಕ್ಕೆ ಸುಮಾರು 23,800 ಪೌಂಡ್. ವರ್ಷಕ್ಕೆ 12,570 ಪೌಂಡ್‌ವರೆಗಿನ ಆದಾಯಕ್ಕೆ ತೆರಿಗೆಯಿಲ್ಲ. ಅದರ ಮೇಲಿನದಕ್ಕೆ ಶೇ. 20 ಆದಾಯ ತೆರಿಗೆ, ಶೇ. 8 ನ್ಯಾಷನಲ್ ಇನ್ಶೂರೆನ್ಸ್. ಕೈಗೆ ಬರುವುದು ತಿಂಗಳಿಗೆ ಸುಮಾರು 1,720 ಪೌಂಡ್. ರೂಪಾಯಿಗೆ ಬದಲಿಸಿ "ಎರಡು ಲಕ್ಷ ಸಂಬಳ" ಎಂದು ಊರಿನಲ್ಲಿ ಹೇಳಿಕೊಳ್ಳಬಹುದು, ಆದರೆ ಖರ್ಚೂ ಪೌಂಡಿನಲ್ಲೇ ಇದೆ.

ಲೆಸ್ಟರ್‌ನಂಥ ಊರಿನಲ್ಲಿ ಹಂಚಿಕೊಂಡ ಮನೆಯ ಒಂದು ಕೋಣೆಗೆ 550, ಊಟಕ್ಕೆ 200, ಓಡಾಟ ಮತ್ತು ಫೋನಿಗೆ 120, ಇತರೆ 50 ಎಂದರೆ ತಿಂಗಳಿಗೆ 920 ಪೌಂಡ್ ಖರ್ಚು, 800 ಉಳಿಕೆ. ಕೆಲಸ ಸಿಗಲು ಎರಡು ತಿಂಗಳು ಹಿಡಿದರೂ ವರ್ಷದ ಕೊನೆಗೆ ಆರು ಸಾವಿರ ಪೌಂಡ್‌ನಷ್ಟು, ಅಂದರೆ ಏಳು ಲಕ್ಷ ರೂಪಾಯಿಗೂ ಮೇಲೆ ಉಳಿಯುತ್ತದೆ. ಹೋಗುವಾಗಿನ ಖರ್ಚು, ಬರುವ ಟಿಕೆಟ್ ಕಳೆದರೆ ನಾಲ್ಕು ಲಕ್ಷ. ಅದೇ ಸಂಬಳದಲ್ಲಿ ಲಂಡನ್ನಿನಲ್ಲಿದ್ದರೆ ಕೋಣೆಗೇ 900 ಪೌಂಡ್ ಹೋಗುತ್ತದೆ, ಓಡಾಟ ದುಬಾರಿ. ತಿಂಗಳಿಗೆ 350 ಉಳಿದರೆ ಹೆಚ್ಚು. ವರ್ಷ ಮುಗಿದಾಗ ಹಾಕಿದ ಹಣದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕೈಬಿಟ್ಟು ಹೋಗಿರುತ್ತದೆ.

ಇದೆಲ್ಲವೂ ವಾರಕ್ಕೆ 37.5 ಗಂಟೆ ಕೆಲಸ ಸಿಕ್ಕರೆ ಮಾತ್ರ. ಅಲ್ಲಿ "ಝೀರೋ ಅವರ್ಸ್" ಎಂಬ ಕರಾರು ಸಾಮಾನ್ಯ. ಮಾಲೀಕರು ಕರೆದಾಗ ಕೆಲಸ, ಕರೆಯದಿದ್ದರೆ ಇಲ್ಲ. ವಾರಕ್ಕೆ 20 ಗಂಟೆ ಮಾತ್ರ ಸಿಕ್ಕಿದರೆ ತಿಂಗಳಿಗೆ ಸಾವಿರದ ಐವತ್ತು ಪೌಂಡ್ ಬಂದೀತು, ಲೆಸ್ಟರ್‌ನಲ್ಲೂ ಅದು ಹೊಟ್ಟೆ ಬಾಡಿಗೆಗಷ್ಟೇ ಸಾಕು.

ಸಾಲ ಮಾಡಬಹುದೇ?

ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿ ಜೈನರಿಗೂ ಸೌಲಭ್ಯವಿದೆಯಲ್ಲ ಎಂದು ಕೇಳುವವರುಂಟು. ಅಲ್ಲಿನ ಅರಿವು ಸಾಲವಾಗಲಿ ವಿದೇಶ ವ್ಯಾಸಂಗದ ಸಾಲವಾಗಲಿ ಓದಿಗೆ, ದುಡಿಮೆಯ ಪ್ರಯಾಣಕ್ಕಲ್ಲ. ಬ್ಯಾಂಕಿನ ಶಿಕ್ಷಣ ಸಾಲವೂ ಹಾಗೆಯೇ. ಉಳಿಯುವುದು ವೈಯಕ್ತಿಕ ಸಾಲ, ಇಲ್ಲವೇ ಚಿನ್ನದ ಸಾಲ. ಆರು ಲಕ್ಷವನ್ನು ಶೇ. 14ರ ಬಡ್ಡಿಗೆ ಮೂರು ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 20,500 ರೂಪಾಯಿ, ಅಂದರೆ 170 ಪೌಂಡ್. ಅದು ಕೆಲಸ ಸಿಗುವ ಮೊದಲೇ ಶುರುವಾಗುತ್ತದೆ. ಲಂಡನ್ನಿನ ಉಳಿಕೆಯ ಅರ್ಧ ಕಂತಿಗೇ ಹೋಯಿತು.

ಹಾಗಾಗಿ ಈ ಲೇಖಕನ ಅಭಿಪ್ರಾಯ ಸ್ಪಷ್ಟ: ಈ ಪ್ರಯಾಣ ಸ್ವಂತ ಉಳಿತಾಯದಿಂದಲೇ ಆಗಬೇಕು. 23 ವರ್ಷಕ್ಕೆ ಹೋಗಬೇಕೆಂದಿಲ್ಲ, 30ರವರೆಗೂ ಸಮಯವಿದೆ. ತಿಂಗಳಿಗೆ 15,000 ಉಳಿಸಿದರೆ ಮೂರೂಕಾಲು ವರ್ಷದಲ್ಲಿ ಆರು ಲಕ್ಷ ತಲುಪುತ್ತದೆ, ಅಷ್ಟರಲ್ಲಿ ಕೈಯಲ್ಲಿ ಅನುಭವವೂ ಇರುತ್ತದೆ. ಲೆಕ್ಕಪತ್ರ, ಸಾಫ್ಟ್‌ವೇರ್, ಎಂಜಿನಿಯರಿಂಗ್‌ನಲ್ಲಿ ಅನುಭವ ಇದ್ದವರಿಗೆ ತಮ್ಮದೇ ಕ್ಷೇತ್ರದ ಕೆಲಸ ಸಿಗುವ ಸಾಧ್ಯತೆ ಹೆಚ್ಚು, ಆಗ ಮೇಲಿನ ಲೆಕ್ಕವೇ ಬದಲಾಗುತ್ತದೆ. "ಅಲ್ಲೇ ನೆಲೆಸಿಬಿಡುತ್ತಾನೆ" ಎಂಬ ಭರವಸೆಯ ಮೇಲೆ ಮಾತ್ರ ಹಣ ಹಾಕಬೇಡಿ. ಈ ವೀಸಾ ವಿಸ್ತರಣೆಯಾಗುವುದಿಲ್ಲ. ಸ್ಕಿಲ್ಡ್ ವರ್ಕರ್ ವೀಸಾಗೆ ಬದಲಾಗಬೇಕಾದರೆ ಕಂಪನಿಯ ಪ್ರಾಯೋಜಕತ್ವ ಬೇಕು, ಸಂಬಳದ ಸಾಮಾನ್ಯ ಮಿತಿಯನ್ನು 2025ರ ಜುಲೈನಲ್ಲಿ 41,700 ಪೌಂಡ್‌ಗೆ ಏರಿಸಿದ್ದಾರೆ.

ಕೆಲವು ಹಣದ ನಿಯಮಗಳು

ಒಂದು ಆರ್ಥಿಕ ವರ್ಷದಲ್ಲಿ ಹತ್ತು ಲಕ್ಷದೊಳಗೆ ಹಣ ಕಳಿಸಿದರೆ ಬ್ಯಾಂಕ್ ಮೂಲದಲ್ಲಿ ತೆರಿಗೆ ವಸೂಲಿ ಮಾಡುವುದಿಲ್ಲ. ಉದ್ಯೋಗಕ್ಕಾಗಿ ಹೊರಟ ಮೇಲೆ ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು, ಅಲ್ಲಿಂದ ಕಳಿಸುವ ಹಣಕ್ಕೆ ಎನ್‌ಆರ್‌ಇ ಖಾತೆ ಅನುಕೂಲ. ಹೊರಡುವ ತಿಂಗಳೂ ಮುಖ್ಯ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷದಲ್ಲಿ 182 ದಿನ ಭಾರತದಲ್ಲಿದ್ದರೆ ಆ ವರ್ಷಕ್ಕೆ ನೀವು ಇಲ್ಲಿನ ನಿವಾಸಿ, ಅಲ್ಲಿನ ಸಂಬಳವನ್ನೂ ಇಲ್ಲಿ ತೋರಿಸಬೇಕು. ಸೆಪ್ಟೆಂಬರ್ ಮೂರನೆಯ ವಾರದೊಳಗೆ ಹೊರಟವರಿಗೆ ಸಾಮಾನ್ಯವಾಗಿ ಈ ತಲೆನೋವಿಲ್ಲ. ಬ್ರಿಟನ್ನಿನ ತೆರಿಗೆ ವರ್ಷ ಏಪ್ರಿಲ್ 6ಕ್ಕೆ ಶುರುವಾಗುತ್ತದೆ. ವರ್ಷದ ನಡುವೆ ಸೇರಿದವರಿಂದ ಹೆಚ್ಚು ತೆರಿಗೆ ಹಿಡಿದಿದ್ದರೆ ಕೇಳಿ ವಾಪಸು ಪಡೆಯಬಹುದು, ನ್ಯಾಷನಲ್ ಇನ್ಶೂರೆನ್ಸ್ ಮಾತ್ರ ಬರುವುದಿಲ್ಲ. 22 ದಾಟಿದವರನ್ನು ಕಂಪನಿ ತಾನಾಗಿಯೇ ಪಿಂಚಣಿ ಯೋಜನೆಗೆ ಸೇರಿಸಿ ಸಂಬಳದಿಂದ ಕಡಿತ ಮಾಡುತ್ತದೆ. ಮಾಲೀಕರೂ ಅದಕ್ಕೆ ಹಣ ಸೇರಿಸುತ್ತಾರೆ ನಿಜ, ಆದರೆ ಅದು ಕೈಗೆ ಸಿಗುವುದು ಐವತ್ತೈದು ದಾಟಿದ ಮೇಲೆ. ಬೇಡವೆನಿಸಿದರೆ ಮೊದಲ ತಿಂಗಳೊಳಗೆ ಹೊರಬಂದು ಕಡಿತವಾದದ್ದನ್ನು ವಾಪಸು ಪಡೆಯಬಹುದು.

ಕೋಣೆಯನ್ನು ನೋಡದೆ ಇಲ್ಲಿಂದಲೇ ಠೇವಣಿ ಕಳಿಸಬೇಡಿ. ಇಂಗ್ಲೆಂಡಿನಲ್ಲಿ ಸಾಮಾನ್ಯ ಬಾಡಿಗೆಗೆ ಐದು ವಾರದ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳುವಂತಿಲ್ಲ. ಮತ್ತೊಂದು ಸಣ್ಣ ಮಾತು: ಭಾರತದ ಸಿಮ್ ಚಾಲ್ತಿಯಲ್ಲಿರಲಿ, ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ.

ಊಟ, ಕೆಲಸ, ವ್ರತ

ಕನಿಷ್ಠ ಕೂಲಿಯ ಕೆಲಸಗಳು ಹೆಚ್ಚಾಗಿ ಹೋಟೆಲು, ಸೂಪರ್ ಮಾರ್ಕೆಟ್, ಗೋದಾಮು, ವೃದ್ಧರ ಆರೈಕೆ ಕೇಂದ್ರಗಳಲ್ಲಿ. ಗೋದಾಮು ಬಿಟ್ಟರೆ ಉಳಿದ ಕಡೆ ಮಾಂಸ ಮುಟ್ಟುವ, ಬಡಿಸುವ ಸಂದರ್ಭ ಬಂದೇ ಬರುತ್ತದೆ. ತನಗೆ ಯಾವುದು ಆಗದು ಎಂದು ಮಗ ಅಥವಾ ಮಗಳು ಹೊರಡುವ ಮೊದಲೇ ತೀರ್ಮಾನಿಸಿ, ಕೆಲಸಕ್ಕೆ ಸೇರುವಾಗಲೇ ಹೇಳಬೇಕು. ಬಾಡಿಗೆ ಬಾಕಿ ಇರುವ ವಾರದಲ್ಲಿ ಆ ನಿರ್ಧಾರ ಮಾಡುವುದು ಕಷ್ಟ.

ಅಂಗಡಿಯ ಪೊಟ್ಟಣದ ಮೇಲೆ "ಸಸ್ಯಾಹಾರಿಗಳಿಗೆ ಯೋಗ್ಯ" ಎಂದಿದ್ದರೂ ಮೊಟ್ಟೆ ಇರಬಹುದು. ಅಲ್ಲಿನ ಕಾನೂನಿನ ಪ್ರಕಾರ ಮೊಟ್ಟೆ, ಹಾಲಿನಂಥ ಅಲರ್ಜಿಕಾರಕ ಪದಾರ್ಥಗಳನ್ನು ಪಟ್ಟಿಯಲ್ಲಿ ಎದ್ದು ಕಾಣುವಂತೆ ಅಚ್ಚು ಮಾಡುತ್ತಾರೆ, ಆದ್ದರಿಂದ ಹುಡುಕುವುದು ಸುಲಭ. ವೀಗನ್ ಎಂದಿದ್ದರೆ ಮೊಟ್ಟೆ, ಜೆಲಾಟಿನ್, ಜೇನು ಇಲ್ಲ. ಈರುಳ್ಳಿ, ಬೆಳ್ಳುಳ್ಳಿ, ಆಲೂಗೆಡ್ಡೆ ಮಾತ್ರ ಅದರಲ್ಲೂ ಇರುತ್ತದೆ. ಚೀಸ್‌ನಲ್ಲಿ ಪ್ರಾಣಿಜನ್ಯ ರೆನ್ನೆಟ್ ಇದೆಯೇ ನೋಡಿ. ಇ120 ಎಂಬ ಕೆಂಪು ಬಣ್ಣ ಕೀಟದಿಂದ ತೆಗೆದದ್ದು.

ಅಮ್ಮಂದಿರಿಗೆ ಒಂದು ಮಾತು: ತುಪ್ಪ, ಪೇಡೆ ಕಟ್ಟಿ ಕಳಿಸಬೇಡಿ. ಭಾರತದಿಂದ ಹಾಲಿನ ಪದಾರ್ಥ ಒಯ್ಯಲು ಬ್ರಿಟನ್ ಬಿಡುವುದಿಲ್ಲ, ವಿಮಾನ ನಿಲ್ದಾಣದಲ್ಲೇ ಕಸದ ಡಬ್ಬಿ ಸೇರುತ್ತದೆ. ಚಟ್ನಿಪುಡಿ, ಹಪ್ಪಳ, ಸಾರಿನ ಪುಡಿ ಹೋಗಲಿ.

ರಾತ್ರಿ ಭೋಜನ ತ್ಯಾಗ ಮಾಡಿದವರಿಗೆ ಋತುವೇ ಪರೀಕ್ಷೆ. ಜೂನ್‌ನಲ್ಲಿ ಲಂಡನ್ನಿನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತು ದಾಟಿದ ಮೇಲೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೂ ಮೊದಲೇ, ಅಂದರೆ ಕೆಲಸದಿಂದ ಹೊರಬರುವ ಮುಂಚೆ. ಮೂರೂವರೆಗೆ ಡಬ್ಬಿ ಬಿಚ್ಚಲು ಅವಕಾಶ ಕೊಡುವಿರಾ ಎಂದು ಕೇಳಿದರೆ ಹೆಚ್ಚಿನ ಕಡೆ ಇಲ್ಲವೆನ್ನುವುದಿಲ್ಲ, ಕೇಳಬೇಕಷ್ಟೆ. ದಿಗ್ವ್ರತ ತೆಗೆದುಕೊಂಡು ದಿಕ್ಕಿನ ಮಿತಿ ಹಾಕಿಕೊಂಡ ಹಿರಿಯರು ಮಕ್ಕಳನ್ನು ನೋಡಲು ಹೋಗುವ ಟಿಕೆಟ್ ಮಾಡಿಸುವ ಮುನ್ನ ತಮ್ಮ ಗುರುಗಳಲ್ಲಿ ಕೇಳಿಕೊಳ್ಳಲಿ.

ಲೆಸ್ಟರ್ ಎಂಬ ಹೆಸರು ಮೇಲೆ ಸುಮ್ಮನೆ ಬಂದದ್ದಲ್ಲ. ಅಲ್ಲಿನ ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿ, ಹಿಂದೆ ಚರ್ಚಾಗಿದ್ದ ಕಟ್ಟಡದಲ್ಲಿ, 1988ರಲ್ಲಿ ಪ್ರತಿಷ್ಠಾಪನೆಗೊಂಡ ಜೈನ ಕೇಂದ್ರವಿದೆ. ಶ್ವೇತಾಂಬರ ಮಂದಿರ, ದಿಗಂಬರ ಮಂದಿರ, ಸ್ಥಾನಕವಾಸಿಗಳ ಉಪಾಶ್ರಯ ಎಲ್ಲವೂ ಒಂದೇ ಸೂರಿನಡಿ. ಲಂಡನ್ ಕಡೆಯವರಿಗೆ ಉತ್ತರಕ್ಕಿರುವ ಪಾಟರ್ಸ್ ಬಾರ್‌ನಲ್ಲಿ ಓಶ್ವಾಲ್ ಕೇಂದ್ರದ ದೇರಾಸರವಿದೆ. ಎರಡೂ ಕಡೆ ಕಿವಿಗೆ ಬೀಳುವುದು ಹೆಚ್ಚಾಗಿ ಗುಜರಾತಿ. ನಮ್ಮ ಬಸದಿಯ ಪೂಜಾಕ್ರಮಕ್ಕೆ ಒಗ್ಗಿದವರಿಗೆ ಮೊದಲು ಹೊಸತೆನಿಸಿದರೂ, ಕೋಣೆ ಎಲ್ಲಿ ಸಿಗುತ್ತದೆ, ಯಾವ ಮನೆಯಲ್ಲಿ ಸಸ್ಯಾಹಾರದ ಅಡುಗೆಮನೆ ಇದೆ ಎಂಬ ಸುದ್ದಿ ತಿಳಿಯಲು ಅದಕ್ಕಿಂತ ಒಳ್ಳೆಯ ಜಾಗ ಬೇರಿಲ್ಲ. ಪೂರ್ಣಾವಧಿ ಕೆಲಸಗಾರರಿಗೆ ವರ್ಷಕ್ಕೆ 28 ದಿನ ಸಂಬಳ ಸಹಿತ ರಜೆ ಕಾನೂನಿನಲ್ಲೇ ಇದೆ. ಭಾದ್ರಪದದ ದಶಲಕ್ಷಣ ಪರ್ವಕ್ಕೆ, ಕನಿಷ್ಠ ಅನಂತ ಚತುರ್ದಶಿಗಾದರೂ ರಜೆ ಬೇಕೆಂದರೆ ಕೆಲಸಕ್ಕೆ ಸೇರಿದ ವಾರವೇ ದಿನಾಂಕ ಬರೆದುಕೊಡಿ.